ಮಗುವಿನ ಕಾಲಿಕ್ ಅಳುವಿಗೆ ನಿಮ್ಮ ಊಟ ಕಾರಣವಾ? ಪತ್ತೆ ಹಚ್ಚುವುದು ಹೀಗೆ

ಸಂಜೆಯಾಗುತ್ತಿದ್ದ ಹಾಗೆ ಮಗು ಶುರು ಮಾಡುತ್ತದೆ. ಮುಖ ಕೆಂಪಗೆ, ಮುಷ್ಟಿ ಬಿಗಿ, ಕಾಲು ಹೊಟ್ಟೆಗೆ ಮಡಚಿಕೊಂಡು ಒಂದೇ ಸಮನೆ ಅಳು. ಹಾಲು ಕೊಟ್ಟರೂ ಬೇಡ, ಎತ್ತಿಕೊಂಡರೂ ಬೇಡ. ಅಷ್ಟರಲ್ಲಿ ಪಕ್ಕದಲ್ಲಿ ಇದ್ದವರು ಯಾರಾದರೂ ಕೇಳಿಯೇ ಬಿಡುತ್ತಾರೆ: "ಮಧ್ಯಾಹ್ನ ಏನಮ್ಮಾ ತಿಂದೆ?" ಆ ಪ್ರಶ್ನೆ ಕಿವಿಗೆ ಬಿದ್ದರೆ ಮಗುವಿನ ಜೊತೆ ನಾನೂ ಕೂತು ಅಳುವ ಹಾಗಾಗುತ್ತಿತ್ತು. ಒಂದು ವಾರ ಈರುಳ್ಳಿ ಬಿಟ್ಟೆ. ಮುಂದಿನ ವಾರ ಕೋಸು, ಆಮೇಲೆ ಕಾಳು, ಮೊಟ್ಟೆ, ಹಾಲು, ಹೀಗೆ ಬಿಡುತ್ತಾ ಬಿಡುತ್ತಾ ತಟ್ಟೆಯಲ್ಲಿ ಏನೂ ಉಳಿಯದ ಸ್ಥಿತಿಗೆ ಬಂದೆ. ಅಳು ಮಾತ್ರ ಹಾಗೇ ಇತ್ತು.

ಹಾಗಂತ ಊಟಕ್ಕೂ ಕಾಲಿಕ್‌ಗೂ ಸಂಬಂಧವೇ ಇಲ್ಲ ಅಂತಲ್ಲ. ಕೆಲವು ಮಕ್ಕಳಲ್ಲಿ ಇದೆ. ಅದನ್ನು ಕಂಡುಹಿಡಿಯುವುದಕ್ಕೆ ಒಂದು ಕ್ರಮ ಇದೆ, ನಾನು ಮಾಡಿದ್ದು ಆ ಕ್ರಮ ಅಲ್ಲ ಅಷ್ಟೇ.

ಮೊದಲು ಇದು ಕಾಲಿಕ್ ಹೌದಾ ನೋಡಿ. 1954ರಿಂದ ಬಂದ ಹಳೆಯ ಲೆಕ್ಕ ಮೂರರದ್ದು: ದಿನಕ್ಕೆ 3 ಗಂಟೆಗಿಂತ ಜಾಸ್ತಿ, ವಾರಕ್ಕೆ 3 ದಿನಕ್ಕಿಂತ ಜಾಸ್ತಿ, 3 ವಾರಕ್ಕಿಂತ ಜಾಸ್ತಿ ಅಳು. ಈಗ ಡಾಕ್ಟರುಗಳು ಗಡಿಯಾರಕ್ಕೆ ಅಷ್ಟು ಅಂಟಿಕೊಳ್ಳುವುದಿಲ್ಲ. ಮಗುವಿಗೆ 5 ತಿಂಗಳು ತುಂಬಿಲ್ಲ, ತೂಕ ಸರಿಯಾಗಿ ಏರುತ್ತಿದೆ, ಜ್ವರ ಕಾಯಿಲೆ ಏನೂ ಇಲ್ಲ, ಆದರೂ ಕಾರಣ ಕಾಣದೆ ತುಂಬಾ ಹೊತ್ತು ಅಳುತ್ತದೆ, ಏನು ಮಾಡಿದರೂ ನಿಲ್ಲುವುದಿಲ್ಲ. ಇಷ್ಟಿದ್ದರೆ ಕಾಲಿಕ್ ಅನ್ನುತ್ತಾರೆ. ಎದೆಹಾಲು ಕುಡಿಯುವ ಮಕ್ಕಳಿಗೂ ಬರುತ್ತದೆ, ಡಬ್ಬಿ ಹಾಲು ಕುಡಿಯುವ ಮಕ್ಕಳಿಗೂ ಬರುತ್ತದೆ. ಇದೊಂದನ್ನು ಆ ಪಕ್ಕದಲ್ಲಿ ಇದ್ದವರಿಗೆ ಹೇಳಬಹುದು.

ಇನ್ನೊಂದು ವಿಷಯ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಈ ಅಳು ಸುಮಾರು 6 ವಾರಕ್ಕೆ ತುದಿಗೇರಿ, 3-4 ತಿಂಗಳ ಹೊತ್ತಿಗೆ ತಾನಾಗಿಯೇ ಇಳಿಯುತ್ತದೆ. ಮೋಸ ಹೋಗುವುದು ಇಲ್ಲೇ. ಅಳು ಜೋರಾಗಿದ್ದಾಗ ನೀವು ಏನೋ ಒಂದನ್ನು ಬಿಡುತ್ತೀರಿ, ಎರಡು ವಾರಕ್ಕೆ ಅಳು ಕಡಿಮೆಯಾಗುತ್ತದೆ, ಓಹೋ ಅದೇ ಕಾರಣ ಅಂತ ತೀರ್ಮಾನ ಮಾಡುತ್ತೀರಿ. ಸುಮ್ನೆ ಕೂತಿದ್ದರೂ ಕಡಿಮೆಯಾಗುತ್ತಿತ್ತೋ ಏನೋ.

ತಟ್ಟೆಗೆ ಕೈ ಹಾಕುವ ಮೊದಲು ಹಾಲು ಕುಡಿಯುವ ರೀತಿ ಗಮನಿಸಿ. ಮಗು ಬರೀ ತೊಟ್ಟು ಹಿಡಿಯುತ್ತಿದೆಯಾ, ಅಥವಾ ಬಾಯಿ ಅಗಲ ತೆರೆದು ಸುತ್ತಲಿನ ಕಪ್ಪು ಭಾಗವನ್ನೂ ಸೇರಿಸಿ ಹಿಡಿಯುತ್ತಿದೆಯಾ? ಕುಡಿಯುವಾಗ ಚಪ್ ಚಪ್ ಶಬ್ದ ಬಂದರೆ ಗಾಳಿ ಒಳಗೆ ಹೋಗುತ್ತಿದೆ ಅಂತ ಅರ್ಥ. ಹಾಲು ಜೋರಾಗಿ ಚಿಮ್ಮಿ ಮಗು ಕೆಮ್ಮಿದರೆ ಸ್ವಲ್ಪ ಹಿಂದಕ್ಕೆ ಒರಗಿ ಕೂತು ಕೊಡಿ. ಒಂದು ಕಡೆ ಪೂರ್ತಿ ಕುಡಿದು ಮುಗಿಸಲಿ, ಆಮೇಲೆ ಇನ್ನೊಂದು ಕಡೆ. ನಡುವೆ, ಕೊನೆಗೆ ತೇಗು ಬರಿಸಿ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರೆ ಅದು ಮೊದಲು ನಿಲ್ಲಬೇಕು. ಹೊಗೆಗೂ ಕಾಲಿಕ್‌ಗೂ ನಂಟಿದೆ. ಎಷ್ಟೋ ಅಮ್ಮಂದಿರ ಸಮಸ್ಯೆ ಇಷ್ಟರಲ್ಲೇ ಹಗುರಾಗುತ್ತದೆ.

ಇನ್ನು ಊಟದ ವಿಷಯ. ಕೋಸು ತಿಂದರೆ ನಿಮಗೆ ಗ್ಯಾಸ್ ಆಗುವುದು ಅದರ ನಾರು ನಿಮ್ಮ ದೊಡ್ಡ ಕರುಳಿನಲ್ಲಿ ಹುದುಗು ಬರುವುದರಿಂದ. ನಾರು ಕರುಳು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಎದೆಹಾಲು ತಯಾರಾಗುವುದು ರಕ್ತದಿಂದ. ಹಾಗಾಗಿ ನಿಮ್ಮ ಗ್ಯಾಸ್ ಮಗುವಿನ ಹೊಟ್ಟೆಗೆ ಇಳಿಯುತ್ತದೆ ಅನ್ನುವುದು ನಿಜವಲ್ಲ. ಕೋಸು, ಹೂಕೋಸು, ಈರುಳ್ಳಿ, ಚಾಕೊಲೇಟ್ ತಿಂದ ದಿನ ಮಗು ಜಾಸ್ತಿ ಅಳುತ್ತದೆ ಅಂತ ಅಮ್ಮಂದಿರೇ ಹೇಳಿದ ಸಮೀಕ್ಷೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅಳುತ್ತದೆ ಅಂತ ಹೆದರಿಕೊಂಡೇ ತಿಂದವರಿಗೆ ಅಳು ಜಾಸ್ತಿ ಕೇಳಿಸುವುದೂ ಸಹಜ ಅಲ್ವಾ?

ರಕ್ತಕ್ಕೆ ಸೇರಿ ಹಾಲಿಗೆ ಬರುವುದು ಬೇರೆ: ಊಟದ ಪರಿಮಳ, ಕೆಫೀನ್, ಮತ್ತು ಕೆಲವು ಪ್ರೋಟೀನುಗಳ ಸಣ್ಣ ಚೂರು. ಕಾಲಿಕ್‌ಗೆ ಸಂಬಂಧಪಟ್ಟ ಹಾಗೆ ಹೆಚ್ಚು ಅನುಮಾನ ಇರುವುದು ಹಸುವಿನ ಹಾಲಿನ ಪ್ರೋಟೀನ್ ಮೇಲೆ. ಸ್ವೀಡನ್‌ನಲ್ಲಿ 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 66 ತಾಯಂದಿರು ಹಸುವಿನ ಹಾಲು ಬಿಟ್ಟರು. 35 ಮಕ್ಕಳ ಕಾಲಿಕ್ ಹೋಯಿತು. ಅಮ್ಮಂದಿರು ಮತ್ತೆ ಹಾಲು ಕುಡಿದಾಗ ತಿರುಗಿ ಬಂದದ್ದು 23 ಮಕ್ಕಳಿಗೆ ಮಾತ್ರ. ಅಂದರೆ ಉಳಿದ 12 ಮಕ್ಕಳ ಅಮ್ಮಂದಿರು ಮತ್ತೆ ಕುಡಿದು ನೋಡದೇ ಇದ್ದಿದ್ದರೆ ತಿಂಗಳುಗಟ್ಟಲೆ ಸುಮ್ನೆ ಪಥ್ಯ ಮಾಡುತ್ತಿದ್ದರು. ಬಿಡುವುದು ಅರ್ಧ ಕೆಲಸ. ಮತ್ತೆ ತಿಂದು ನೋಡುವುದು ಇನ್ನರ್ಧ.

ಮಾಡುವುದು ಹೀಗೆ. ಮೊದಲ ನಾಲ್ಕು ದಿನ ಏನೂ ಬಿಡಬೇಡಿ, ಬರೆದಿಡಿ. ಏನು ತಿಂದಿರಿ, ಯಾವಾಗ, ಮಗು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಅತ್ತಿತು. "ತುಂಬಾ ಅತ್ತಿತು" ಅಂತ ಬರೆಯಬೇಡಿ, ನಿಮಿಷ ಹಾಕಿ. ನಿದ್ದೆಗೆಟ್ಟ ತಲೆಗೆ 40 ನಿಮಿಷದ ಅಳು ಕೂಡ ಇಡೀ ರಾತ್ರಿ ಅನ್ನಿಸುತ್ತದೆ.

ಆಮೇಲೆ 2 ವಾರ ಹಾಲಿನ ಪದಾರ್ಥ ಪೂರ್ತಿ ಬಿಡಿ. ಹಾಲು, ಮೊಸರು, ಚೀಸ್, ಬೆಣ್ಣೆ, ಐಸ್‌ಕ್ರೀಮ್ ಎಲ್ಲ. ಬಿಸ್ಕತ್ತು, ಬ್ರೆಡ್, ಸೂಪ್ ಪುಡಿಗಳ ಪೊಟ್ಟಣ ತಿರುಗಿಸಿ ನೋಡಿ: ಹಾಲಿನ ಪುಡಿ, ವೇ, ಕೇಸೀನ್ ಅಂತ ಇದ್ದರೆ ಅದೂ ಹಾಲೇ. ಲ್ಯಾಕ್ಟೋಸ್ ಇಲ್ಲದ ಹಾಲು ಕುಡಿದರೆ ಆಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಲ್ಯಾಕ್ಟೋಸ್ ಅಂದರೆ ಹಾಲಿನ ಸಕ್ಕರೆ, ಇಲ್ಲಿ ಅನುಮಾನ ಇರುವುದು ಪ್ರೋಟೀನ್ ಮೇಲೆ, ಅದು ಆ ಹಾಲಿನಲ್ಲೂ ಹಾಗೇ ಇರುತ್ತದೆ. ನೀವು ಏನು ತಿಂದರೂ ಬಿಟ್ಟರೂ ಎದೆಹಾಲಿನಲ್ಲಿ ಸುಮಾರು ನೂರಕ್ಕೆ 7ರಷ್ಟು ಲ್ಯಾಕ್ಟೋಸ್ ಇದ್ದೇ ಇರುತ್ತದೆ, ನಿಮ್ಮ ದೇಹವೇ ಅದನ್ನು ತಯಾರಿಸುತ್ತದೆ. ಆಡಿನ ಹಾಲು, ಎಮ್ಮೆ ಹಾಲಿಗೆ ಹೋಗುವುದೂ ಉಪಯೋಗ ಇಲ್ಲ, ಪ್ರೋಟೀನು ಹೆಚ್ಚುಕಡಿಮೆ ಒಂದೇ ಥರ.

ಬಿಟ್ಟಿದ್ದಕ್ಕೆ ಬದಲಿ ತಿನ್ನಲೇಬೇಕು, ಇದರಲ್ಲಿ ರಾಜಿ ಇಲ್ಲ. ಹಾಲೂಡಿಸುವಾಗ ಮೈಗೆ ದಿನಕ್ಕೆ 450-500 ಕ್ಯಾಲೊರಿಯಷ್ಟು ಜಾಸ್ತಿ ಬೇಕು, ಕ್ಯಾಲ್ಸಿಯಂ ಸುಮಾರು 1000 ಮಿಲಿಗ್ರಾಂ ಬೇಕು. ಹಸಿರು ಸೊಪ್ಪು, ಎಳ್ಳು, ಬಾದಾಮಿ ಜಾಸ್ತಿ ಮಾಡಿ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆ ಬೇಕಾ ಅಂತ ಡಾಕ್ಟರನ್ನು ಕೇಳಿ.

ಎರಡು ವಾರ ಕಳೆದ ಮೇಲೆ ಬರೆದದ್ದನ್ನು ಹೋಲಿಸಿ. ಅಳು ಹಾಗೇ ಇದೆಯಾ? ಹಾಗಾದರೆ ಹಾಲು ಕಾರಣವಲ್ಲ, ಖುಷಿಯಾಗಿ ಮೊಸರು ತಿನ್ನಿ. ಕಡಿಮೆಯಾಗಿದೆಯಾ? ಈಗ ಮತ್ತೆ ಕುಡಿಯಿರಿ. ಮೊದಲ ದಿನ ಸ್ವಲ್ಪ, ಆಮೇಲೆ ಜಾಸ್ತಿ ಮಾಡುತ್ತಾ ಒಂದು ವಾರದಲ್ಲಿ ಮೊದಲಿನ ಅಳತೆಗೆ ಬನ್ನಿ. ಸಮಾಧಾನವಾಗಿರುವ ಮಗುವನ್ನು ಮತ್ತೆ ಅಳಿಸುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ, ಈ ಹಂತ ಬಿಟ್ಟುಬಿಡುವುದು ಅದಕ್ಕೇ. ಆದರೂ ಮಾಡಿ. ಅಳು ತಿರುಗಿ ಬಂದರೆ ಉತ್ತರ ಸಿಕ್ಕಿತು, ನೀವು ಹಾಲಿನ ಪದಾರ್ಥ ನಿಲ್ಲಿಸಿ, ಎಷ್ಟು ತಿಂಗಳು ಅಂತ ಡಾಕ್ಟರ್ ಹೇಳುತ್ತಾರೆ. ಬರದಿದ್ದರೆ ಪಥ್ಯ ಮುಗಿಯಿತು. ಮಗುವಿನ ಮೈಮೇಲೆ ದದ್ದು, ಮುಖ ಊತ, ಉಸಿರಾಟದ ತೊಂದರೆ ಹಿಂದೆ ಕಂಡಿದ್ದರೆ ಮಾತ್ರ ಇದನ್ನು ಮನೆಯಲ್ಲಿ ಮಾಡಬೇಡಿ.

ಮೊಟ್ಟೆ, ಗೋಧಿ, ಸೋಯಾ, ಕಡಲೆಕಾಯಿ, ಬೀಜಗಳು, ಮೀನು? 2005ರಲ್ಲಿ ಆಸ್ಟ್ರೇಲಿಯಾದವರು ಹಾಲಿನ ಜೊತೆ ಇವೆಲ್ಲವನ್ನೂ ಒಂದು ವಾರ ಬಿಡಿಸಿ ನೋಡಿದರು. ನೂರಕ್ಕೆ 74 ಮಕ್ಕಳ ಅಳು ಕಾಲು ಭಾಗವಾದರೂ ಇಳಿಯಿತು. ಆದರೆ ಇವನ್ನೆಲ್ಲ ತಿನ್ನುತ್ತಲೇ ಇದ್ದ ಅಮ್ಮಂದಿರ ಮಕ್ಕಳಲ್ಲೂ ನೂರಕ್ಕೆ 37 ಮಕ್ಕಳಿಗೆ ಅಷ್ಟೇ ಇಳಿಯಿತು. 2018ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ಅನ್ನುವ ಸಂಶೋಧಕರ ಸಂಸ್ಥೆಯ ಪರಿಶೀಲನೆಗೆ ಖಚಿತವಾಗಿ ಶಿಫಾರಸು ಮಾಡುವಷ್ಟು ಗಟ್ಟಿ ಆಧಾರ ಸಿಗಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಏಳೂ ಬಿಟ್ಟರೆ ಮಗುವಿನ ಅಳು ನಿಲ್ಲುವ ಮೊದಲು ನೀವು ಕುಸಿಯುತ್ತೀರಿ. ಪೌಷ್ಟಿಕಾಂಶ ತಜ್ಞರು ಜೊತೆಗಿದ್ದರೆ ಸರಿ, ಒಬ್ಬರೇ ಬೇಡ.

ಕಾಫಿ, ಚಹಾ ಬಿಡಬೇಕಾಗಿಲ್ಲ, ಮಿತಿ ಇರಲಿ. ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಒಳಗೆ, ಅಂದರೆ ಎರಡು ಸಾಧಾರಣ ಲೋಟ ಕಾಫಿ. ದೊಡ್ಡವರ ಮೈಯಿಂದ ಅರ್ಧ ಕೆಫೀನ್ ಕರಗಲು ಸುಮಾರು ಐದು ಗಂಟೆ ಸಾಕು, ಹುಟ್ಟಿದ ಮಗುವಿಗೆ ಮೂರು ನಾಲ್ಕು ದಿನ ಬೇಕು. ಮಗು ಕಣ್ಣು ಮುಚ್ಚದೆ ರಚ್ಚೆ ಹಿಡಿಯುತ್ತಿದ್ದರೆ ಲೋಟ ಎಣಿಸಿ.

ಕೆಲವು ಲಕ್ಷಣ ಕಂಡರೆ ಊಟ, ಡೈರಿ ಎಲ್ಲ ಬದಿಗಿಟ್ಟು ಅವತ್ತೇ ಡಾಕ್ಟರ ಹತ್ತಿರ ಹೋಗಿ: ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಜಾಸ್ತಿ ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ, ಉಬ್ಬಿದ ನೆತ್ತಿ, ಹಾಲು ಬೇಡ ಅನ್ನುವುದು, ಮೈ ಜೋಲು ಬೀಳುವುದು. ತೂಕ ಏರದಿದ್ದರೂ ತೋರಿಸಿ. ಅಳು ಇದ್ದಕ್ಕಿದ್ದ ಹಾಗೆ ಬೇರೆ ಥರ ಕೇಳಿಸಿದರೆ ಬಟ್ಟೆ ಬಿಚ್ಚಿ ಕಾಲ್ಬೆರಳು ನೋಡಿ. ಉದುರಿದ ಕೂದಲೆಳೆ ಬೆರಳಿಗೆ ಸುತ್ತಿಕೊಂಡು ಬಿಗಿಯುವುದು ಉಂಟು.

ಈ ಎರಡು ಮೂರು ವಾರದ ಪರೀಕ್ಷೆ ನಡೆಯುವಾಗಲೂ ಸಂಜೆಯ ಅಳು ಇದ್ದೇ ಇರುತ್ತದೆ, ಅದಕ್ಕೆ ಸರದಿ ಹಾಕಿಕೊಳ್ಳಿ. ಯಾರೂ ಇಲ್ಲ, ತಲೆ ಸಿಡಿಯುತ್ತಿದೆ ಅನ್ನಿಸಿದಾಗ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಾಗಿಲು ಮುಂದೆ ಮಾಡಿಕೊಂಡು ಐದು ಹತ್ತು ನಿಮಿಷ ಆಚೆ ಹೋಗಿ ನೀರು ಕುಡಿದು ಬನ್ನಿ. ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ಸಿಟ್ಟಿನಲ್ಲಿ ಕುಲುಕಿದರೆ ಮೆದುಳಿಗೆ ಪೆಟ್ಟಾಗುತ್ತದೆ.