ಪಾಸ್ ಅಂದವರ ಕೈಯ ಲೆಕ್ಕ: ಬ್ರಿಡ್ಜ್ ಮೇಜಿನಲ್ಲಿ ನನ್ನ ಅನುಭವ

ಬ್ರಿಡ್ಜ್‌ನಲ್ಲಿ ಎಲೆ ಆಡುವ ಮುಂಚೆ ಎಷ್ಟು ಗೆಲ್ಲುತ್ತೇವೆ ಅಂತ ಸರದಿಯಂತೆ ಕೂಗುವುದು ಬಿಡ್ಡಿಂಗ್. ಅದು ಮುಗಿದ ತಕ್ಷಣ ಮರೆತು ಎಲೆ ಆಡಲು ಶುರು ಮಾಡುವವರೇ ಜಾಸ್ತಿ. ಕಾಂಟ್ರ್ಯಾಕ್ಟ್ (ಕೊನೆಗೆ ನಿಂತ ಕೂಗು) ಎಷ್ಟು ಅಂತ ಗೊತ್ತಾಯಿತು, ಇನ್ನು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು) ಎಣಿಸಿದರೆ ಆಯಿತು ಅಂದುಕೊಳ್ಳುತ್ತಾರೆ. ಆದರೆ ಆಟದಲ್ಲಿ ಮುಂದೆ ಬರುವ ಅರ್ಧ ಪ್ರಶ್ನೆಗಳಿಗೆ ಬಿಡ್ಡಿಂಗ್‌ನಲ್ಲೇ ಉತ್ತರ ಸಿಕ್ಕಿರುತ್ತದೆ. ಅದರಲ್ಲೂ ಎದುರಾಳಿ ಏನೂ ಕೂಗದೆ ಸುಮ್ನೆ ಪಾಸ್ ಅಂದದ್ದನ್ನು ನೆನಪಿಟ್ಟುಕೊಂಡು ನಾನು ಮಾಡಿದ ಗೇಮ್‌ಗಳು (ಬೋನಸ್ ಅಂಕ ಸಿಗುವ ದೊಡ್ಡ ಕಾಂಟ್ರ್ಯಾಕ್ಟ್) ಬಹಳ. ಅದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಬ್ರಿಡ್ಜ್‌ನ ಮೊದಲ ಪಾಠ ಮುಗಿಸಿ, ಮುಂದೇನು ಅಂತ ಕೂತವರಿಗೆ ಉಪಯೋಗಕ್ಕೆ ಬಂದೀತು.

ನಮ್ಮ ರಾಯಚೂರಲ್ಲಿ ಇಸ್ಪೀಟು ಅಂದರೆ ರಮ್ಮಿ, ಇಲ್ಲಾಂದ್ರೆ ಅಂದರ್-ಬಾಹರ್. ಬ್ರಿಡ್ಜ್ ಗೊತ್ತಿರುವವರನ್ನು ಹುಡುಕಬೇಕು. ನಮ್ಮ ಮೇಜಿನಲ್ಲಿ ಒಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರ್, ಒಬ್ಬರು ಶಕ್ತಿನಗರದ ಥರ್ಮಲ್‌ನಲ್ಲಿ ಶಿಫ್ಟ್ ಎಂಜಿನಿಯರ್, ಒಬ್ಬರು ಕಾಲೇಜಿನ ಗಣಿತ ಮೇಡಂ. ನಾನು ಹತ್ತಿ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಎಂಜಿನಿಯರ್ ಸಾಹೇಬರ ಶಿಫ್ಟ್ ನೋಡಿಕೊಂಡೇ ನಮ್ಮ ಆಟ. ಬೇಸಿಗೆಯಲ್ಲಂತೂ ಹಗಲು ಕೂರುವ ಮಾತೇ ಇಲ್ಲ. ರಾತ್ರಿ ಊಟ ಮುಗಿಸಿ ಮಾಳಿಗೆ ಮೇಲೆ ಚಾಪೆ ಹಾಸುತ್ತೇವೆ. ದುಡ್ಡು ಕಟ್ಟುವುದಿಲ್ಲ, ಅಂಕ ಮಾತ್ರ ಬರೆದಿಡುತ್ತೇವೆ.

ಮಾಳಿಗೆ ಮೇಲೆ ಇಸ್ಪೀಟು ಆಡುತ್ತಾರೆ ಅಂತ ಮುಖ ಸಿಂಡರಿಸುವವರಿಗೆ ನಾನು ಎರಡು ವಿಷಯ ಹೇಳುತ್ತೇನೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಭಾರತಕ್ಕೆ ಚಿನ್ನ ತಂದದ್ದು ಇದೇ ಆಟದಲ್ಲಿ. ಆಗ ಬರ್ಧನ್ ಅವರಿಗೆ 60 ವರ್ಷ. ಇನ್ನೊಂದು, ರಮ್ಮಿ ಜಾಣ್ಮೆಯ ಆಟ ಅಂತ ಸುಪ್ರೀಂ ಕೋರ್ಟ್ 1968ರಲ್ಲಿ ತೀರ್ಪು ಕೊಟ್ಟಾಗ ಹೋಲಿಕೆಗೆ ತೆಗೆದುಕೊಂಡದ್ದೇ ಬ್ರಿಡ್ಜ್ ಅನ್ನು. ಎಲೆ ಹಂಚುವಾಗ ಅದೃಷ್ಟ ಇದ್ದೇ ಇರುತ್ತದೆ. ಹಂಚಿ ಆದ ಮೇಲೆ ಉಳಿಯುವುದು ಲೆಕ್ಕ.

ಆ ಲೆಕ್ಕದ ಬುಡ 40. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಒಂದು ಸೂಟಿಗೆ 10, ನಾಲ್ಕು ಸೂಟಿಗೆ 40. ಇದನ್ನು ಎಲ್ಲರೂ ಬಿಡ್ ಮಾಡುವಾಗ ತಮ್ಮ ಕೈ ಎಣಿಸೋಕೆ ಬಳಸುತ್ತಾರೆ, ಆಮೇಲೆ ಬಿಟ್ಟುಬಿಡುತ್ತಾರೆ. ನಾನು ಡಮ್ಮಿ (ಕಾಂಟ್ರ್ಯಾಕ್ಟ್ ಆಡುವವರ ಪಾರ್ಟ್ನರ್ ಎಲ್ಲರಿಗೂ ಕಾಣುವಂತೆ ಬಿಚ್ಚಿಡುವ ಕೈ) ಕೆಳಗೆ ಬಂದ ಕೂಡಲೇ ಮತ್ತೆ ಅದನ್ನೇ ಹಿಡಿಯುತ್ತೇನೆ. ನಮ್ಮಿಬ್ಬರ ಪಾಯಿಂಟ್ ಕೂಡಿಸಿ 40ರಲ್ಲಿ ಕಳೆಯುತ್ತೇನೆ. ಉಳಿದದ್ದು ಎದುರಾಳಿಗಳದ್ದು. ಅದರಲ್ಲಿ ಯಾರ ಹತ್ತಿರ ಎಷ್ಟು ಅಂತ ಬಿಡ್ಡಿಂಗ್ ನೋಡಿ ಹಂಚುತ್ತೇನೆ. ಅಂಗಡಿಯ ಜಮಾ-ಖರ್ಚು ಸಂಜೆ ಹೊತ್ತಿಗೆ ತಾಳೆ ಆಗಲೇಬೇಕಲ್ವಾ, ಹಾಗೇ ಇದೂ ಕೊನೆಯ ಎಲೆ ಹೊತ್ತಿಗೆ ತಾಳೆ ಆಗಲೇಬೇಕು.

ಒಂದು ಕೈಯನ್ನು ಪೂರ್ತಿ ಹೇಳುತ್ತೇನೆ. ಹಂಚಿದವರು ನನ್ನ ಬಲಗಡೆಯ ಬ್ಯಾಂಕ್ ಸಾಹೇಬರು. ಅವರು ಮೊದಲೇ ಪಾಸ್. ನನ್ನ ಕೈ ಹೀಗಿತ್ತು: ಸ್ಪೇಡ್ ಎಕ್ಕ, ರಾಣಿ, ಗುಲಾಮ, 10, 5, ಹಾರ್ಟ್ 8, 6, 2, ಡೈಮಂಡ್ ಎಕ್ಕ, 4, ಕ್ಲಬ್ ರಾಜ, ಗುಲಾಮ, 3. ಒಟ್ಟು 15 ಪಾಯಿಂಟ್, ಐದು ಸ್ಪೇಡ್. ನಾನು ಒಂದು ಸ್ಪೇಡ್ ಅಂದೆ. ಎಡಗಡೆಯ ಎಂಜಿನಿಯರ್ ಪಾಸ್. ಪಾರ್ಟ್ನರ್ ಮೇಡಂ ಮೂರು ಸ್ಪೇಡ್ ಅಂದರು. ನಮ್ಮ ಒಪ್ಪಂದದಲ್ಲಿ ಅದಕ್ಕೆ ನಾಲ್ಕು ಟ್ರಂಪ್ (ತುರುಪು), 10ರಿಂದ 12 ಪಾಯಿಂಟ್ ಅಂತ ಅರ್ಥ. ನಾನು ನಾಲ್ಕಕ್ಕೆ ಹೋದೆ, ಎಲ್ಲರೂ ಪಾಸ್. ಕೂಗಿದ ಸಂಖ್ಯೆಗೆ ಆರು ಕೂಡಿಸಬೇಕು, ಅಂದರೆ 13ರಲ್ಲಿ ಹತ್ತು ಟ್ರಿಕ್ ಗೆಲ್ಲಬೇಕು.

ಎಂಜಿನಿಯರ್ ಹಾರ್ಟ್ ಗುಲಾಮ ಇಳಿಸಿದರು. ಡಮ್ಮಿ ಬಂತು: ಸ್ಪೇಡ್ 9, 7, 4, 2, ಹಾರ್ಟ್ ರಾಣಿ, 5, 3, ಡೈಮಂಡ್ ರಾಜ, ರಾಣಿ, ಕ್ಲಬ್ ಎಕ್ಕ, 10, 9, 4. ಅಂದರೆ 11 ಪಾಯಿಂಟ್. ನಮ್ಮದು 26, ಅವರದು 14. ಆ 14 ಯಾವುವು ಅಂತಲೂ ಗೊತ್ತು: ಸ್ಪೇಡ್ ರಾಜ, ಹಾರ್ಟ್ ಎಕ್ಕ-ರಾಜ-ಗುಲಾಮ, ಡೈಮಂಡ್ ಗುಲಾಮ, ಕ್ಲಬ್ ರಾಣಿ.

ಹಾರ್ಟ್‌ನಲ್ಲಿ ಮೊದಲ ಮೂರು ಟ್ರಿಕ್ ಹೋದವು. ಮೊದಲು ಎಡಗಡೆಯ ಗುಲಾಮ ನಿಂತಿತು, ಆಮೇಲೆ ರಾಜ, ಎಕ್ಕ ಎರಡೂ ಬಲಗಡೆಯ ಸಾಹೇಬರ ಕೈಯಿಂದ ಬಂದವು. ಇನ್ನೊಂದು ಟ್ರಿಕ್ ಹೋದರೆ ಕಾಂಟ್ರ್ಯಾಕ್ಟ್ ಹೋಯಿತು. ಸಾಹೇಬರು ಡೈಮಂಡ್ ಆಡಿದರು, ಡಮ್ಮಿಯ ರಾಣಿಯಲ್ಲಿ ಗೆದ್ದೆ.

ಈಗ ಎರಡು ಪ್ರಶ್ನೆ. ಸ್ಪೇಡ್ ರಾಜ ಎಲ್ಲಿ? ಕ್ಲಬ್ ರಾಣಿ ಎಲ್ಲಿ? ಸ್ಪೇಡ್‌ಗೆ ಯೋಚನೆ ಮಾಡುವಂಥದ್ದೇನಿಲ್ಲ. ರಾಜ ಬಲಗಡೆ ಇದ್ದರೆ ಫಿನೆಸ್ (ದೊಡ್ಡ ಎಲೆ ಇರುವವರು ಮೊದಲು ಎಲೆ ಹಾಕುವ ಹಾಗೆ ಮಾಡಿ ಅದನ್ನು ಹಿಡಿಯುವುದು) ಆಗುತ್ತದೆ. ಎಡಗಡೆ ಇದ್ದರೆ, ಒಂಟಿಯಾಗಿ ಬಿದ್ದರೆ ಬಿಟ್ಟು, ಕಾಂಟ್ರ್ಯಾಕ್ಟ್ ಮುಗಿದ ಹಾಗೆ. ಡಮ್ಮಿಯಿಂದ 9 ಆಡಿ, ನನ್ನ ಕೈಯಿಂದ ಸಣ್ಣದು ಹಾಕಿ ಅದನ್ನು ಓಡಿಸಿದೆ, ನಿಂತಿತು. ಮತ್ತೆ 7 ಆಡಿದೆ, ಬಲಗಡೆಯಿಂದ ರಾಜ ಬಿತ್ತು, ನನ್ನ ಎಕ್ಕ ಹೊಡೆಯಿತು. ಟ್ರಂಪ್ ಎರಡೆರಡು ಹಂಚಿದ್ದವು, ಮುಗಿದವು.

ಕ್ಲಬ್ ಮಾತ್ರ ಎರಡೂ ಕಡೆಗೆ ಆಡಬಹುದಾದ ಫಿನೆಸ್. ನನ್ನ ಕೈಯಲ್ಲಿ ರಾಜ-ಗುಲಾಮ, ಡಮ್ಮಿಯಲ್ಲಿ ಎಕ್ಕ-10-9. ರಾಣಿ ಎಡಗಡೆ ಇದ್ದರೆ ನನ್ನ ಕೈಯಿಂದ ಗುಲಾಮ ಓಡಿಸಬೇಕು. ಬಲಗಡೆ ಇದ್ದರೆ ಡಮ್ಮಿಯಿಂದ 10 ಓಡಿಸಬೇಕು. ಬಿಡ್ಡಿಂಗ್ ಮರೆತವರಿಗೆ ಇದು ನಾಣ್ಯ ಚಿಮ್ಮಿದ ಹಾಗೆ, 50 ಪರ್ಸೆಂಟ್. ನನಗೆ ಅಲ್ಲಿ ಅನುಮಾನವೇ ಇರಲಿಲ್ಲ. ಸಾಹೇಬರ ಕೈಯಿಂದ ಹಾರ್ಟ್ ಎಕ್ಕ, ರಾಜ ಬಂದಿವೆ, 7. ಸ್ಪೇಡ್ ರಾಜ ಬಂದಿದೆ, 10. ಕ್ಲಬ್ ರಾಣಿಯೂ ಅವರ ಹತ್ತಿರವೇ ಇದ್ದಿದ್ದರೆ 12 ಆಗುತ್ತಿತ್ತು. ಒಂದು ಎಕ್ಕ, ಎರಡು ರಾಜ, ಒಂದು ರಾಣಿ ಇಟ್ಟುಕೊಂಡು ಮೊದಲ ಜಾಗದಲ್ಲಿ ಅವರು ಪಾಸ್ ಅನ್ನುವುದಿಲ್ಲ. ಅಂದರೆ ರಾಣಿ ಎಂಜಿನಿಯರ್ ಹತ್ತಿರ ಇದೆ.

ಕ್ಲಬ್ ರಾಜ ಮೊದಲು ಹೊಡೆದೆ. ಬಲಗಡೆ ರಾಣಿ ಒಂಟಿ ಇದ್ದರೆ ಬಿದ್ದುಬಿಡಲಿ ಅಂತ. ಅದಕ್ಕೆ ಖರ್ಚೇನೂ ಇಲ್ಲವಲ್ಲ. ಆಮೇಲೆ ಗುಲಾಮ. ಎಡಗಡೆಯಿಂದ ಸಣ್ಣ ಎಲೆ, ಡಮ್ಮಿಯಿಂದಲೂ ಸಣ್ಣದು, ಗುಲಾಮ ನಿಂತಿತು. ಉಳಿದ ಎಲ್ಲ ಟ್ರಿಕ್ ನಮ್ಮವೇ, ಹತ್ತು ಆಯಿತು.

ಇದರಲ್ಲಿ ಗಮನಿಸಬೇಕಾದ್ದು ಆಡಿದ ಕ್ರಮ. ಯಾವ ಸೂಟ್‌ನಲ್ಲಿ ತೀರ್ಮಾನ ಕಷ್ಟವೋ ಅದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಕ್ಲಬ್ ಮೊದಲೇ ಮುಟ್ಟಿದ್ದರೆ ಸ್ಪೇಡ್ ರಾಜ ಎಲ್ಲಿದೆ ಅಂತ ನನಗೆ ಗೊತ್ತಿರುತ್ತಿರಲಿಲ್ಲ, 10ರ ಲೆಕ್ಕ ಸಿಗುತ್ತಲೇ ಇರಲಿಲ್ಲ. ಹೇಗಿದ್ದರೂ ಆಡಲೇಬೇಕಾದ ಎಲೆಗಳನ್ನು ಮೊದಲು ಆಡಿ, ಅವು ಏನು ಹೇಳುತ್ತವೆ ಕೇಳಿಸಿಕೊಂಡು, ಆಮೇಲೆ ರಾಣಿಯನ್ನು ಹುಡುಕಲು ಹೋಗಬೇಕು.

ಡಿಫೆನ್ಸ್‌ನಲ್ಲಿ (ಎದುರಾಳಿಯ ಕಾಂಟ್ರ್ಯಾಕ್ಟ್ ಬೀಳಿಸಲು ಆಡುವಾಗ) ಈ ಲೆಕ್ಕ ಇನ್ನೂ ಸುಲಭ, ಆದರೆ ಮಾಡುವವರು ಇನ್ನೂ ಕಡಿಮೆ. ಎದುರಾಳಿ ಒಂದು ನೋಟ್ರಂಪ್ (ತುರುಪು ಇಲ್ಲದ ಆಟ) ಓಪನ್ ಮಾಡಿದ್ದಾನೆ, ಅಂದರೆ ಮೊದಲ ಬಿಡ್ ಆಗಿ ಕೂಗಿದ್ದಾನೆ. ಅದಕ್ಕೆ 15ರಿಂದ 17 ಪಾಯಿಂಟ್ ಅಂತ ಅರ್ಥ. ಡಮ್ಮಿಯಲ್ಲಿ 10 ಕಾಣುತ್ತಿದೆ, ನನ್ನ ಕೈಯಲ್ಲಿ 8. ಹಾಗಾದರೆ ನನ್ನ ಪಾರ್ಟ್ನರ್ ಹತ್ತಿರ 5ರಿಂದ 7 ಮಾತ್ರ ಇರಲು ಸಾಧ್ಯ. ಆಕೆ ಒಂದು ಎಕ್ಕ ತೋರಿಸಿದ ಕೂಡಲೇ ಉಳಿದದ್ದು 1ರಿಂದ 3. ಇನ್ನೊಂದು ರಾಜ ಇರಬಹುದು, ಇನ್ನೊಂದು ಎಕ್ಕ ಇರಲಾರದು. ಹಾಗಿದ್ದ ಮೇಲೆ ಆಕೆಯ ಎರಡನೇ ಎಕ್ಕವನ್ನು ನಂಬಿ ಸೂಟ್ ಬದಲಾಯಿಸುವ ಆಸೆಯನ್ನು ಅಲ್ಲಿಗೇ ಬಿಡುತ್ತೇನೆ.

ಇಷ್ಟೆಲ್ಲ ನಡೆಯಬೇಕಾದರೆ ಬಿಡ್‌ಗೆ ಸರಿಯಾದ ಅರ್ಥ ಇರಬೇಕು. ಅದಕ್ಕೇ ಮೇಡಂ ಮತ್ತು ನಾನು ಒಪ್ಪಂದಗಳನ್ನು ಕಡಿಮೆ ಇಟ್ಟುಕೊಂಡಿದ್ದೇವೆ. ಸ್ಪೇಡ್, ಹಾರ್ಟ್ ಓಪನ್ ಮಾಡಲು ಐದು ಎಲೆ, ನೋಟ್ರಂಪ್‌ಗೆ 15–17, ಅದರ ಮೇಲೆ ಸ್ಟೇಮನ್ (ನಾಲ್ಕೆಲೆಯ ಸ್ಪೇಡ್ ಅಥವಾ ಹಾರ್ಟ್ ಇದೆಯೇ ಅನ್ನುವ ಪ್ರಶ್ನೆ) ಮತ್ತು ಟ್ರಾನ್ಸ್‌ಫರ್ (ನನ್ನ ಉದ್ದದ ಸೂಟನ್ನು ಪಾರ್ಟ್ನರ್ ಕೂಗುವಂತೆ ಮಾಡುವ ಬಿಡ್), ಟೇಕ್‌ಔಟ್ ಡಬಲ್ (ಎದುರಾಳಿ ಓಪನ್ ಮಾಡಿದಾಗ, ಉಳಿದ ಸೂಟುಗಳಲ್ಲಿ ಒಂದನ್ನು ಕೂಗು ಅಂತ ಪಾರ್ಟ್ನರ್‌ಗೆ ಹೇಳುವುದು). ಇಷ್ಟೇ. ಹೊಸ ಹೊಸ ಕನ್ವೆನ್ಷನ್ ಕಲಿಯುವ ಹುಚ್ಚು ಎಲ್ಲರಿಗೂ ಇರುತ್ತದೆ. ನನ್ನ ಕೇಳಿದರೆ, ಆ ಹೊತ್ತನ್ನು ಎಲೆ ಎಣಿಸಲು ಕೊಟ್ಟರೆ ಲಾಭ ಜಾಸ್ತಿ.

ಗೇಮ್‌ಗೆ ಹೋಗಬೇಕೋ ಬೇಡವೋ ಅನ್ನುವ ಕಡೆ ಮಾತ್ರ ನಾನು ಬೇರೆ ಲೆಕ್ಕ ಹಾಕುತ್ತೇನೆ. ಭಾನುವಾರ ಬ್ರಿಡ್ಜ್ ಬೇಸ್ ಆನ್‌ಲೈನ್ ಅನ್ನುವ ವೆಬ್‌ಸೈಟ್‌ನಲ್ಲಿ ನಾವು ನಾಲ್ವರೂ ಒಂದು ಟೀಮ್ ಆಗಿ ಆಡುತ್ತೇವೆ. ಇಬ್ಬರು ಒಂದು ಮೇಜಿನಲ್ಲಿ, ಇಬ್ಬರು ಇನ್ನೊಂದರಲ್ಲಿ, ಅದೇ ಎಲೆಗಳು. ಅಲ್ಲಿ ಎರಡು ಮೇಜಿನ ಅಂಕದ ವ್ಯತ್ಯಾಸವನ್ನು ಐಎಂಪಿ ಅನ್ನುವ ಟೀಮ್ ಅಂಕಕ್ಕೆ ತಿರುಗಿಸುತ್ತಾರೆ. ನಾವು ವಲ್ನರಬಲ್ (ಗೆದ್ದರೆ ಬೋನಸ್, ಸೋತರೆ ದಂಡ ಎರಡೂ ಹೆಚ್ಚಿರುವ ಸ್ಥಿತಿ) ಇದ್ದೇವೆ ಅಂದುಕೊಳ್ಳಿ. ನಾಲ್ಕು ಸ್ಪೇಡ್ ಕರೆದು ಹತ್ತು ಟ್ರಿಕ್ ಮಾಡಿದರೆ 620. ಇನ್ನೊಂದು ಮೇಜಿನವರು ಮೂರಕ್ಕೇ ನಿಂತು ಹತ್ತು ಮಾಡಿದರೆ ಅವರಿಗೆ 170. ವ್ಯತ್ಯಾಸ 450, ನಮಗೆ 10 ಐಎಂಪಿ. ಒಂದು ಟ್ರಿಕ್ ಕಡಿಮೆ ಬಿದ್ದರೆ ನಮಗೆ ಮೈನಸ್ 100, ಅವರಿಗೆ 140. ವ್ಯತ್ಯಾಸ 240, ಹೋಗುವುದು 6. ಹತ್ತು ಸಿಗಲು ಆರು ಪಣ. ಅಂದರೆ ಗೇಮ್ ಆಗುವ ಸಾಧ್ಯತೆ 38 ಪರ್ಸೆಂಟ್ ಇದ್ದರೂ ಹೋಗುವುದೇ ಸರಿ. ವಲ್ನರಬಲ್ ಇಲ್ಲದಾಗ ಸಿಗುವುದು 6, ಹೋಗುವುದು 5. ಆಗ ಸುಮಾರು 45 ಪರ್ಸೆಂಟ್ ಬೇಕು.

ಹಾಗಾಗಿ ಟೀಮ್ ಆಟದಲ್ಲಿ, ವಲ್ನರಬಲ್ ಇದ್ದಾಗ, ಅನುಮಾನ ಬಂದರೆ ನಾನು ನಾಲ್ಕಕ್ಕೆ ಹೋಗುತ್ತೇನೆ. ಒಂದು ಫಿನೆಸ್ ಆದರೆ ಸಾಕು ಅನ್ನುವ ಗೇಮ್ ಖಂಡಿತ ಕರೆಯಬೇಕಾದ್ದು. ಐದು ಎಲೆ ಹೊರಗಿರುವ ಸೂಟ್ ಮೂರು-ಎರಡು ಹಂಚಿದರೆ ಸಾಕು ಅಂದರೆ ಅದು 68 ಪರ್ಸೆಂಟ್, ಇನ್ನೂ ಒಳ್ಳೆಯದು. ಆರು ಎಲೆ ಮೂರು-ಮೂರು ಹಂಚಲಿ ಅಂತ ಕಾಯುವುದು ಮಾತ್ರ 36 ಪರ್ಸೆಂಟ್, ಅದೊಂದನ್ನೇ ನಂಬಿ ಹೋಗುವುದಿಲ್ಲ. ಸ್ಲಾಮ್‌ನ (12 ಅಥವಾ 13 ಟ್ರಿಕ್ ಕೂಗುವ ಕಾಂಟ್ರ್ಯಾಕ್ಟ್) ಲೆಕ್ಕ ಬೇರೆಯೇ, ಅಲ್ಲಿ ನಾನು ಇಷ್ಟು ಧಾರಾಳಿ ಅಲ್ಲ.

ಎಣಿಸುವ ಅಭ್ಯಾಸ ಒಂದೇ ದಿನಕ್ಕೆ ಬರುವುದಿಲ್ಲ. ನಾನು ಮೊದಲು ಟ್ರಂಪ್ ಮಾತ್ರ ಎಣಿಸುತ್ತಿದ್ದೆ. ಅದೂ ಎಷ್ಟು ಬಿದ್ದವು ಅಂತಲ್ಲ, ಹೊರಗೆ ಎಷ್ಟು ಉಳಿದಿವೆ ಅಂತ. ನಮ್ಮ ಹತ್ತಿರ ಒಂಬತ್ತು ಇದ್ದರೆ ಹೊರಗೆ ನಾಲ್ಕು, ಆ ನಾಲ್ಕನ್ನೇ ಕಳೆಯುತ್ತಾ ಹೋದರೆ ತಲೆಗೆ ಭಾರ ಇಲ್ಲ. ಅದು ರೂಢಿಯಾದ ಮೇಲೆ ಒಬ್ಬ ಎದುರಾಳಿಯನ್ನು ಆರಿಸಿಕೊಂಡು ಅವನ 13 ಎಲೆ ಮಾತ್ರ ಎಣಿಸಿದೆ. ಒಬ್ಬನ ಕೈ ಗೊತ್ತಾದರೆ ಇನ್ನೊಬ್ಬನದು ತಾನಾಗೇ ಗೊತ್ತಾಗುತ್ತದಲ್ಲ, ಇಬ್ಬರನ್ನೂ ಎಣಿಸುವ ಅಗತ್ಯವೇ ಇಲ್ಲ. ಪಾಯಿಂಟ್ ಲೆಕ್ಕ ಕೊನೆಗೆ ಸೇರಿಸಿಕೊಂಡೆ. ಆಟ ಮುಗಿದ ಮೇಲೆ ಎಲೆ ಕೂಡಿಸುವ ಮುಂಚೆ ಪಾರ್ಟ್ನರ್‌ಗೆ ಹೇಳುತ್ತಿದ್ದೆ: ಎಡಗಡೆಯವರದ್ದು ಎರಡು ಸ್ಪೇಡ್, ನಾಲ್ಕು ಹಾರ್ಟ್, ನಾಲ್ಕು ಡೈಮಂಡ್, ಮೂರು ಕ್ಲಬ್. ಮೇಡಂ ಎಲೆ ತಿರುಗಿಸಿ ನೋಡಿ ಹೂಂ ಅನ್ನುತ್ತಿದ್ದರು. ಈಗಲೂ ನಾವು ಹೀಗೇ ಮಾಡುತ್ತೇವೆ.

ಎಲ್ಲ ಪಾಸ್‌ಗೂ ಒಂದೇ ಬೆಲೆ ಇಲ್ಲ, ಇದನ್ನು ಮರೆಯಬಾರದು. ಹಂಚಿದವರ ಪಾಸ್, ಇನ್ನೂ ಯಾರೂ ಓಪನ್ ಮಾಡದಿದ್ದಾಗ ಅವರ ಮುಂದಿನವರು ಅನ್ನುವ ಪಾಸ್, ಇವೆರಡೂ ಗಟ್ಟಿ. ಅದೇ ನಾನು ಒಂದು ಸ್ಪೇಡ್ ಅಂದ ಮೇಲೆ ಎಡಗಡೆಯವರು ಪಾಸ್ ಅಂದರೆ ಅವರ ಹತ್ತಿರ 13–14 ಪಾಯಿಂಟ್ ಇರಲೂಬಹುದು. ಕರೆಯಲು ಉದ್ದದ ಸೂಟ್ ಇಲ್ಲ, ಸ್ಪೇಡ್ ಜಾಸ್ತಿ ಇರುವುದರಿಂದ ಡಬಲ್ ಅನ್ನುವ ಹಾಗೂ ಇಲ್ಲ ಅಂತ ಸುಮ್ಮನೆ ಕೂತಿರಬಹುದು. ಆ ಪಾಸ್‌ನಿಂದ ನಾನು ಪಾಯಿಂಟ್ ತಿಳಿಯಲು ಹೋಗುವುದಿಲ್ಲ. ಐದು ಎಲೆಯ ಒಳ್ಳೆ ಸೂಟ್ ಇಲ್ಲ ಅಂತ ಮಾತ್ರ ಬರೆದುಕೊಳ್ಳುತ್ತೇನೆ. ಇನ್ನು ಮೂರನೇ ಜಾಗದ ಓಪನಿಂಗ್. ಇಬ್ಬರು ಪಾಸ್ ಅಂದ ಮೇಲೆ 9–10 ಪಾಯಿಂಟ್‌ಗೂ ಓಪನ್ ಮಾಡುವವರು ಬಹಳ ಇದ್ದಾರೆ. ಅಲ್ಲಿ 12 ಅಂತ ಎಣಿಸಿ ಹೊರಟರೆ ರಾಣಿಯನ್ನು ತಪ್ಪು ಕಡೆ ಹುಡುಕಿದ ಹಾಗಾಗುತ್ತದೆ.

ಎದುರಾಳಿಯ ಮುಖ ನೋಡಿ, ತಡವರಿಸಿದ್ದು ನೋಡಿ ತೀರ್ಮಾನ ಮಾಡುವುದು ನನಗೆ ಇಷ್ಟ ಇಲ್ಲ. ಅದು ಮೋಸ ಮಾಡುತ್ತದೆ. ಜೊತೆಗೆ, ಪಾರ್ಟ್ನರ್ ತಡವರಿಸಿದ್ದನ್ನು ಬಳಸುವುದಕ್ಕೆ ನಿಯಮದಲ್ಲೇ ಅವಕಾಶ ಇಲ್ಲ. ಕೇಳುವುದಕ್ಕೆ ಮಾತ್ರ ಪೂರ್ತಿ ಹಕ್ಕಿದೆ. ಬ್ರಿಡ್ಜ್‌ನಲ್ಲಿ ಪಾರ್ಟ್ನರ್‌ಗಳ ನಡುವೆ ಗುಟ್ಟಿನ ಒಪ್ಪಂದ ಇರುವಂತಿಲ್ಲ, ಎದುರಾಳಿ ಕೇಳಿದರೆ ಹೇಳಲೇಬೇಕು. ಆದ್ದರಿಂದ ಭಾನುವಾರ ಹೊಸ ಟೀಮ್ ಎದುರಿಗೆ ಕೂತಾಗ, ಮೊದಲ ಬೋರ್ಡ್ ಶುರುವಾಗುವ ಮುಂಚೆ ನಾನು ಎರಡೇ ಪ್ರಶ್ನೆ ಕೇಳುತ್ತೇನೆ: ಮೊದಲ ಜಾಗದಲ್ಲಿ ಎಷ್ಟಕ್ಕೆ ಓಪನ್ ಮಾಡುತ್ತೀರಿ, ಮೂರನೇ ಜಾಗದಲ್ಲಿ ಎಷ್ಟಕ್ಕೆ? 11ಕ್ಕೇ ಮಾಡುತ್ತೇವೆ ಅಂತ ಯಾರಾದರೂ ಹೇಳಿದರೆ ನನಗೆ ಖುಷಿ. ಅಂಥವರು ಹಂಚಿದ ಕೂಡಲೇ ಪಾಸ್ ಅಂದರೆ ಅವರ ಕೈಯಲ್ಲಿ 10ಕ್ಕಿಂತ ಜಾಸ್ತಿ ಇಲ್ಲ ಅಂತ ಆಗಲೇ ಬರೆದಿಟ್ಟುಕೊಳ್ಳಬಹುದು.