ಮುಡಿಯೂ ಇಲ್ಲ, ದೀಕ್ಷಾಸ್ನಾನವೂ ಇಲ್ಲ

ಮಗಳ ಕೂದಲನ್ನು ಮೊದಲ ಸಲ ಕತ್ತರಿಸಿದ್ದು ಶಿವಮೊಗ್ಗದ ಒಂದು ಸಾಧಾರಣ ಕ್ಷೌರದಂಗಡಿಯಲ್ಲಿ. ಆಗ ಅವಳಿಗೆ ಒಂದೂವರೆ ವರ್ಷ. ಸೆಕೆಗಾಲ, ಕೂದಲು ಕಣ್ಣಿಗೆ ಬೀಳುತ್ತಿತ್ತು, ಎತ್ತಿಕೊಂಡು ಹೋದೆ. ಎಂಬತ್ತು ರೂಪಾಯಿ ತೆಗೆದುಕೊಂಡರು. ಆ ಎಂಬತ್ತು ರೂಪಾಯಿಯ ಲೆಕ್ಕ ನಮ್ಮ ತವರಿನಲ್ಲಿ ಇನ್ನೂ ಚುಕ್ತಾ ಆಗಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆಯ ಒಕ್ಕಲಿಗರ ಮನೆ, ಗಂಡನದು ಮಂಗಳೂರಿನ ಕ್ಯಾಥೊಲಿಕ್ ಮನೆತನ. 1954ರ ವಿಶೇಷ ವಿವಾಹ ಕಾಯ್ದೆಯಡಿ ಅರ್ಜಿ ಕೊಟ್ಟು, ಕಚೇರಿಯ ಫಲಕದಲ್ಲಿ ಮೂವತ್ತು ದಿನ ನಮ್ಮ ಹೆಸರನ್ನು ಊರಿಗೆಲ್ಲ ತೋರಿಸಿ ಮದುವೆಯಾದವರು ನಾವು. 2014ರಲ್ಲಿ ಮಗಳು ಹುಟ್ಟಿದಾಗ, ಅವಳನ್ನು ಯಾವ ಧರ್ಮಕ್ಕೂ ಸೇರಿಸುವುದು ಬೇಡ, ಬುದ್ಧಿ ಬಂದ ಮೇಲೆ ಬೇಕಿದ್ದರೆ ಅವಳೇ ನೋಡಿಕೊಳ್ಳಲಿ ಎಂದು ಇಬ್ಬರೂ ಮಾತಾಡಿಕೊಂಡಿದ್ದೆವು. ದೇವರು ಇದ್ದಾನೋ ಇಲ್ಲವೋ ಎಂದು ಎರಡೂ ಕಡೆಯವರೊಡನೆ ವಾದ ಮಾಡಬೇಕಾಗುತ್ತದೆಂದು ಭಾವಿಸಿ ನಾನು ತಯಾರಾಗಿ ಕುಳಿತಿದ್ದೆ. ಹನ್ನೊಂದು ವರ್ಷವಾಯಿತು, ಆ ಪ್ರಶ್ನೆಯನ್ನು ಒಬ್ಬರೂ ಕೇಳಿಲ್ಲ.

ನಮ್ಮ ಅಪ್ಪಯ್ಯನ ಜಗಲಿಯಲ್ಲಿ ಕುವೆಂಪು ಅವರ ದೊಡ್ಡ ಭಾವಚಿತ್ರವಿತ್ತು. ನೆಂಟರಲ್ಲಿ ಎರಡು ಮಂತ್ರ ಮಾಂಗಲ್ಯಗಳನ್ನು, ಅಂದರೆ ಪುರೋಹಿತರಿಲ್ಲದ ಕುವೆಂಪು ಮಾದರಿಯ ಸರಳ ಮದುವೆಗಳನ್ನು, ಮುಂದೆ ನಿಂತು ನಡೆಸಿದವರು ಅಪ್ಪಯ್ಯ. ಆದ್ದರಿಂದ ಆ ಕಡೆಯಿಂದ ತೊಂದರೆ ಬಾರದೆಂದುಕೊಂಡಿದ್ದೆ. ಕ್ಷೌರದ ಸುದ್ದಿ ಮುಟ್ಟಿದ ಸಂಜೆಯೇ ಫೋನ್ ಬಂತು. ಧರ್ಮಸ್ಥಳಕ್ಕೆ ಮೊಮ್ಮಗಳ ಮುಡಿ ಹರಕೆ ಹೇಳಿಕೊಂಡಿದ್ದರಂತೆ.

“ಅಪ್ಪಯ್ಯ, ನಿಮಗೆ ಇದರಲ್ಲೆಲ್ಲ ನಂಬಿಕೆ ಇದೆಯೇ?” ಎಂದು ಕೇಳಿದೆ.

“ನಂಬಿಕೆಯ ಮಾತನ್ನು ಯಾರು ಎತ್ತಿದರು? ಹೋಗಿ ಮಾಡಿಸಿಕೊಂಡು ಬರುವುದು, ಅಷ್ಟೇ.”

ನಮ್ಮ ಕಡೆಯವರ ಧರ್ಮವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ. ನೀವು ಮನಸ್ಸಿನಲ್ಲಿ ಏನಾದರೂ ಅಂದುಕೊಳ್ಳಿ, ನಾಸ್ತಿಕರೇ ಆಗಿ, ಯಾರೂ ಕೇಳುವುದಿಲ್ಲ. ಸಾಲಿನಲ್ಲಿ ನಿಲ್ಲುವ ಹೊತ್ತಿಗೆ ನಿಂತಿರಬೇಕು.

ಅತ್ತೆಯ ಚಿಂತೆಯೇ ಬೇರೆ. ಮೊಮ್ಮಗಳು ಹಣೆಗೆ ಕುಂಕುಮ ಇಟ್ಟುಕೊಂಡು ಓಡಾಡಿದರೂ ಅವರು ಏನೂ ಅನ್ನುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ದೀಕ್ಷಾಸ್ನಾನ, ಮಗುವಿಗೆ ನೀರು ಹಾಕಿ ಕ್ರೈಸ್ತ ಧರ್ಮಕ್ಕೆ ಸೇರಿಸಿಕೊಳ್ಳುವ ಬ್ಯಾಪ್ಟಿಸಂ. ಅದಾಗದೆ ಮಗುವಿಗೆ ಏನಾದರೂ ಆಗಿಬಿಟ್ಟರೆ ಆತ್ಮದ ಗತಿ ಏನು ಎಂದು ರಾತ್ರಿ ಎದ್ದು ಕೂರುತ್ತಿದ್ದರಂತೆ. ಚರ್ಚಿಗೆ ಹೋಗಿ ಪಾದ್ರಿಗಳನ್ನು ಕೇಳಿದ್ದರು. ತಂದೆತಾಯಿಯರಲ್ಲಿ ಒಬ್ಬರಾದರೂ ಒಪ್ಪಬೇಕು, ಮಗು ಆ ವಿಶ್ವಾಸದಲ್ಲಿ ಬೆಳೆಯುತ್ತದೆಂಬ ಭರವಸೆ ಇರಬೇಕು, ಇಲ್ಲದಿದ್ದರೆ ಕೊಡುವಂತಿಲ್ಲ ಎಂದು ಅವರು ನಿಯಮ ಹೇಳಿ ಕಳಿಸಿದ್ದರು. ನಾನು ಜಾಣೆಯಂತೆ 2007ರ ಒಂದು ಸುದ್ದಿಯನ್ನು ಹುಡುಕಿ ಓದಿ ಹೇಳಿದೆ: ದೀಕ್ಷಾಸ್ನಾನವಿಲ್ಲದೆ ತೀರಿಕೊಂಡ ಶಿಶುಗಳಿಗೂ ರಕ್ಷಣೆಯ ಆಸೆಯಿದೆ ಎಂದು ವ್ಯಾಟಿಕನ್‌ನ ದೈವಶಾಸ್ತ್ರ ಆಯೋಗವೇ ಹೇಳಿದೆ ಅತ್ತೆ, ನೋಡಿ. ಅತ್ತೆ ಪೂರ್ತಿ ಕೇಳಿಸಿಕೊಂಡರು.

“ಅವರಿಗೇನು, ರೋಮಿನಲ್ಲಿ ಕೂತವರು. ಅವರಿಗೆ ಮೊಮ್ಮಕ್ಕಳಿಲ್ಲ” ಎಂದರು.

ಮೊದಲ ಎರಡು ವರ್ಷ ನಾನು ನಡೆದುಕೊಂಡ ರೀತಿಯನ್ನೂ ಬರೆಯಬೇಕು. ಪ್ರಸಾದ ತಿನ್ನಿಸುವಂತಿಲ್ಲ, ಶಿಲುಬೆಯ ಗುರುತು ಹಾಕಿಸುವಂತಿಲ್ಲ, ದೃಷ್ಟಿಬೊಟ್ಟು ಇಡುವಂತಿಲ್ಲ. ಮಡಿ ಮಾಡುವವರಿಗಿಂತ ಹೆಚ್ಚಿನ ಮಡಿ ನನ್ನದು. ಒಂದು ದಿನ ಸ್ನಾನ ಮಾಡಿಸುವಾಗ ಮಗಳ ಸೊಂಟದಲ್ಲಿ ಕಪ್ಪು ದಾರ ಸಿಕ್ಕಿತು, ಅವ್ವ ಕಟ್ಟಿದ್ದು. ಅವ್ವನ ಎದುರಿಗೇ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದೆ. ಅವ್ವ ಒಂದು ಮಾತೂ ಆಡಲಿಲ್ಲ. ಮರುದಿನ ಬೆಳಗ್ಗೆ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದರೆ, ಮಗುವಿನ ಲಂಗೋಟಿಗಳ ನಡುವೆ ಆ ದಾರದ ತುಂಡು ತೊಳೆದು ಹಾಕಿದ್ದು ಒಣಗುತ್ತಿತ್ತು. ಅದಕ್ಕೊಂದು ಕ್ಲಿಪ್ ಕೂಡ ಹಾಕಿದ್ದರು. ನನ್ನ ವೈಚಾರಿಕತೆಗೆ ನಾಚಿಕೆಯಾದದ್ದು ಆವತ್ತೇ.

ಅಲ್ಲಿಂದ ಮುಂದೆ ನಾವು ಬೇರೆ ದಾರಿ ಹಿಡಿದೆವು. ಕರೆದ ಕಡೆಗೆಲ್ಲ ಹೋಗುವುದು, ಕೊಟ್ಟದ್ದನ್ನು ತಿನ್ನುವುದು. ಕೈಮುಗಿ ಎಂದೂ ಹೇಳುವುದಿಲ್ಲ, ಮುಗಿಯಬೇಡ ಎಂದೂ ಹೇಳುವುದಿಲ್ಲ. ಅವಳು ಕೇಳಿದರೆ ‘ಅಜ್ಜಿ ಹೀಗೆ ನಂಬುತ್ತಾರೆ, ನಾನು ನಂಬುವುದಿಲ್ಲ’ ಎಂದು ಇದ್ದದ್ದನ್ನು ಹೇಳುವುದು. ಹೀಗಾಗಿ ಮಗಳು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮೇರಿ ಮಾತೆ ಹುಟ್ಟಿದ ದಿನದ ಹಬ್ಬಕ್ಕೆ, ಮುಂಚಿನ ಒಂಬತ್ತು ದಿನ ಮಂಗಳೂರಿನಲ್ಲಿದ್ದರೆ ತಟ್ಟೆ ತುಂಬ ಹೂ ಒಯ್ದು ಬಾಲ ಮೇರಿಗೆ ಎರಚುತ್ತಾಳೆ, ಹೊಸ ತೆನೆಯ ಊಟ ಮಾಡುತ್ತಾಳೆ. ಗಣಪತಿ ಮುಳುಗಿಸುವಾಗ ಊರಿನಲ್ಲಿದ್ದರೆ ಅಲ್ಲಿಯೂ ಅವಳದೇ ಗಲಾಟೆ. ಇದು ಎರಡು ದೋಣಿಯಲ್ಲಿ ಕಾಲಿಡುವುದಲ್ಲವೇ ಎಂದು ಕೆಲವು ವಿಚಾರವಾದಿ ಗೆಳೆಯರು ಹಂಗಿಸುತ್ತಾರೆ. ಅವರಲ್ಲಿ ಹೆಚ್ಚಿನವರ ಮನೆಯಲ್ಲಿ ಹೆಂಡತಿಯರು ಪೂಜೆ ಮಾಡುತ್ತಾರೆ, ಇವರು ಹೋಳಿಗೆ ತಿನ್ನುತ್ತಾರೆ.

2019ರ ಡಿಸೆಂಬರ್ 26ರಂದು, ಕ್ರಿಸ್‌ಮಸ್ಸಿನ ಮರುದಿನ, ಕಂಕಣ ಸೂರ್ಯಗ್ರಹಣ. ನಾವು ಮಂಗಳೂರಿನಲ್ಲಿದ್ದೆವು. ಬೆಳಗ್ಗೆ ಏಳಕ್ಕೇ ಅವ್ವನ ಫೋನ್: ಮಗುವನ್ನು ಹೊರಗೆ ಬಿಡಬೇಡ, ಏನೂ ತಿನ್ನಿಸಬೇಡ. ಅಕ್ಕಪಕ್ಕದ ಮನೆಗಳ ಬಾಗಿಲು ಮುಚ್ಚಿದ್ದವು. ಅತ್ತೆ ಮಾತ್ರ ಗ್ರಹಣದ ಕನ್ನಡಕ ಹಾಕಿಕೊಂಡು ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತು, ಹಿಂದಿನ ದಿನದ ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳ ತಟ್ಟೆಯಿಂದ ಮೊಮ್ಮಗಳಿಗೆ ಕಿಡಿಯೋ ಕೊಡುತ್ತಾ, “ಇವರಿಗೆಲ್ಲ ಎಷ್ಟು ಮೂಢನಂಬಿಕೆ ನೋಡು” ಎಂದು ಮರುಗುತ್ತಿದ್ದರು. ಒಂಬತ್ತೂವರೆಯ ಸುಮಾರಿಗೆ ಸೂರ್ಯ ಬಳೆಯಾದ. ಐದು ವರ್ಷದವಳು ಕಿರುಚಿಕೊಂಡಳು. ಅದೇ ದಿನ ಕಲಬುರಗಿಯ ಬಳಿ ಅಂಗವಿಕಲ ಮಕ್ಕಳನ್ನು, ವಾಸಿಯಾಗಲೆಂದು, ಕತ್ತಿನವರೆಗೆ ಮಣ್ಣಿನಲ್ಲಿ ಹೂತಿಟ್ಟಿದ್ದ ಸುದ್ದಿ ಸಂಜೆ ಟಿವಿಯಲ್ಲಿ ಬಂತು. ಅತ್ತೆ ಶಿಲುಬೆಯ ಗುರುತು ಹಾಕಿಕೊಂಡು ಟಿವಿ ಆರಿಸಿದರು. ಆ ಹೆತ್ತವರನ್ನು ಬೈಯುವುದು ಸುಲಭವಿತ್ತು. ನನಗೆ ಮಾತ್ರ ಕ್ಲಿಪ್ ಹಾಕಿದ ದಾರವೇ ಕಣ್ಣಿಗೆ ಬಂತು.

ಶಾಲೆಯ ಕತೆ ಇಷ್ಟೇ. ಅರ್ಜಿಯಲ್ಲಿ ಧರ್ಮದ ಕಾಲಂ ಖಾಲಿ ಬಿಟ್ಟಿದ್ದೆ. ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲ ಎಂದರು ಗುಮಾಸ್ತರು. ಧರ್ಮ ಹೇಳೆಂದು ಸರ್ಕಾರ ಯಾರನ್ನೂ ಬಲವಂತ ಮಾಡುವಂತಿಲ್ಲವೆಂದು ಬಾಂಬೆ ಹೈಕೋರ್ಟ್ 2014ರಲ್ಲಿ ಹೇಳಿದ್ದನ್ನೂ, 2011ರ ಜನಗಣತಿಯಲ್ಲಿ 28 ಲಕ್ಷಕ್ಕೂ ಹೆಚ್ಚು ಮಂದಿ ‘ಧರ್ಮ ತಿಳಿಸದವರು’ ಎಂದು ದಾಖಲಾದದ್ದನ್ನೂ ಹೇಳಿದೆ. “ಇರಬಹುದು ಮೇಡಂ, ಇಲ್ಲಿ ಯಾರೂ ಬಂದಿಲ್ಲ” ಎಂದು ‘ಇತರೆ’ ಒತ್ತಿದರು. ಶಾಲೆ ಕ್ರೈಸ್ತ ಸಂಸ್ಥೆಯದು. ಅಪ್ಪನ ಅಡ್ಡಹೆಸರು ನೋಡಿ ಮಗಳನ್ನು ಕ್ರೈಸ್ತ ಶಿಕ್ಷಣದ ತರಗತಿಗೆ ಕಳಿಸಿದರು. ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲವೆಂಬ ಸಂವಿಧಾನದ 28(3)ನೇ ವಿಧಿಯನ್ನು ನಮೂದಿಸಿ ನಾಲ್ಕು ಸಾಲು ಬರೆದುಕೊಟ್ಟೆ. ವಾರದೊಳಗೆ ಮೌಲ್ಯ ಶಿಕ್ಷಣದ ತರಗತಿಗೆ ಬದಲಾಯಿಸಿದರು, ಮುಖ ಕೂಡ ಗಂಟಿಕ್ಕಲಿಲ್ಲ. ಕಾಲಂ ಖಾಲಿ ಬಿಡುವುದು ದೊಡ್ಡ ಧೈರ್ಯವೆಂದು ಯಾರಾದರೂ ಹೊಗಳಿದರೆ ನನಗೆ ಮುಜುಗರ. ಮೀಸಲಾತಿಯಿಂದಲೇ ಮೊದಲ ಸಲ ಓದಿನ ಮೆಟ್ಟಿಲು ಹತ್ತಿದ ಮನೆಯವರಿಗೆ ಆ ಕಾಲಮ್ಮುಗಳು ಅನ್ನದ ಪ್ರಶ್ನೆ. ನಮಗೆ ಬಿಟ್ಟರೂ ನಡೆಯುತ್ತದೆ, ಬಿಟ್ಟೆವು.

ನಿಜವಾಗಿ ಕಷ್ಟವಾದದ್ದು ಏಳನೆಯ ವರ್ಷದಲ್ಲಿ. ಮಂಗಳೂರಿನ ಕಡೆಯ ಹುಡುಗನೊಬ್ಬ ಆಟದ ನಡುವೆ ‘ನಿನಗೆ ದೀಕ್ಷಾಸ್ನಾನ ಆಗಿಲ್ಲ, ನೀನು ನರಕಕ್ಕೆ ಹೋಗುತ್ತೀಯ’ ಎಂದಿದ್ದ. ಮಕ್ಕಳ ಮಾತು. ಆದರೆ ಮಗಳು ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ನರಕವೆಂಬುದು ಇಲ್ಲವೆಂದು ಬಗೆಬಗೆಯಾಗಿ ಹೇಳಿದೆ. “ನಿನಗೆ ಹೇಗೆ ಗೊತ್ತು, ನೀನು ನೋಡಿದ್ದೀಯಾ?” ಎಂದಳು, ನಾನೇ ಕಲಿಸಿದ ಪ್ರಶ್ನೆ. ಕೊನೆಗೆ ಸೋತು ಅತ್ತೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

“ಅಳಬೇಡ ಬಾಯೆ. ನಿನಗೆ ನಾಲ್ಕು ತಿಂಗಳಿದ್ದಾಗ ಜ್ವರ ಬಂದಿತ್ತಲ್ಲ, ಆಗಲೇ ನಾನು ನೀರು ಹಾಕಿ ಮಂತ್ರ ಹೇಳಿಬಿಟ್ಟಿದ್ದೇನೆ. ಅಮ್ಮನಿಗೆ ಹೇಳಬೇಡ.”

ಪ್ರಾಣಾಪಾಯದಲ್ಲಿ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದೆಂದು ಅವರ ಧರ್ಮಸಭೆಯಲ್ಲಿ ನಿಯಮವಿದೆ. ನೂರೊಂದು ಡಿಗ್ರಿ ಜ್ವರವನ್ನು ಅತ್ತೆ ಪ್ರಾಣಾಪಾಯಕ್ಕೆ ಸೇರಿಸಿದ್ದರು. ನಲ್ಲಿಯ ನೀರು, ಬಚ್ಚಲುಮನೆ. ಮಗಳು ಫೋನ್ ಇಟ್ಟು ಐದು ನಿಮಿಷದಲ್ಲಿ ನಿದ್ದೆ ಹೋದಳು. ನಾನು ಬೆಳಗಿನವರೆಗೂ ಕುದಿಯುತ್ತಾ ಕುಳಿತಿದ್ದೆ. ಗಂಡ ನಗುವುದನ್ನು ತಡೆಯಲಾರದೆ ಬೇರೆ ಕೋಣೆಗೆ ಹೋದರು. ಅತ್ತೆಯೊಡನೆ ಆ ಮಾತು ಇಂದಿಗೂ ಎತ್ತಿಲ್ಲ. ನನ್ನ ಒಪ್ಪಿಗೆಯಿಲ್ಲದೆ ಮಾಡಿದ್ದು ತಪ್ಪೆಂದೇ ಈಗಲೂ ಹೇಳುತ್ತೇನೆ.

ಅಪ್ಪಯ್ಯ ಹೋದಾಗ ಮಗಳಿಗೆ ಒಂಬತ್ತು ವರ್ಷ. ಹನ್ನೊಂದನೆಯ ದಿನ ಬಾಳೆಲೆಯಲ್ಲಿ ಎಡೆ ಹಾಕಿ ಹಿತ್ತಲಿನ ಕಟ್ಟೆಯ ಮೇಲಿಟ್ಟರು. ಅವಳು ತಾನಾಗಿಯೇ ಅಜ್ಜಯ್ಯನ ನಶ್ಯದ ಡಬ್ಬಿಯನ್ನು ತಂದು ಎಲೆಯ ಪಕ್ಕ ಇಟ್ಟಳು. ಕಾಗೆ ಬರಲಿಲ್ಲ. ಅರ್ಧ ಗಂಟೆಯಾಯಿತು, ಊಟಕ್ಕೆ ಕುಳಿತವರ ಎಲೆಗಳು ಖಾಲಿ. ತೆಂಗಿನ ಮರದ ಮೇಲೆ ಎರಡು ಕಾಗೆ ಕುಳಿತು ನೋಡುತ್ತಿವೆ, ಇಳಿಯುವುದಿಲ್ಲ. ಯಾವುದೋ ಆಸೆ ಉಳಿದಿದೆ ಎಂದರು ಒಬ್ಬರು. “ಮೊಮ್ಮಗಳ ಮುಡಿಯ ಹರಕೆ ಹಾಗೇ ಇದೆಯಲ್ಲ” ಎಂದರು ದೊಡ್ಡಮ್ಮ, ನನ್ನನ್ನು ನೋಡದೆ. ಉಳಿದವರೆಲ್ಲ ನೋಡಿದರು. ಅವ್ವ ಸೆರಗು ಬಾಯಿಗಿಟ್ಟುಕೊಂಡರು.

“ಇಷ್ಟು ಜನ ಸುತ್ತ ನಿಂತರೆ ಅದು ಹೇಗೆ ಬರುತ್ತದೆ? ಒಳಗೆ ಹೋಗೋಣ” ಎಂದಳು ಮಗಳು.

ಹೊಟ್ಟೆ ಹಸಿದಿತ್ತೋ ಏನೋ, ಎಲ್ಲರೂ ಹಿಂದೆ ಸರಿದು ಅಡುಗೆಮನೆಯ ಬಾಗಿಲಿನಲ್ಲಿ ಗುಂಪಾಗಿ ನಿಂತೆವು. ಎರಡು ನಿಮಿಷವಾಗಿರಬೇಕು. ಕಾಗೆ ಇಳಿದು ಮೊದಲು ಕಡುಬಿಗೇ ಬಾಯಿ ಹಾಕಿತು.

“ನೋಡಿದಿರಾ, ಅಜ್ಜಯ್ಯ ಮೊಮ್ಮಗಳ ಮಾತು ಕೇಳಿದ. ಅವಳ ಮೇಲೆ ಏನೂ ಸಿಟ್ಟಿಲ್ಲ ಅವನಿಗೆ” ಎಂದರು ದೊಡ್ಡಮ್ಮ, ಕಣ್ಣೊರೆಸಿಕೊಂಡು. ಮಗಳು ನನ್ನ ಮುಖ ನೋಡಿದಳು. ನಾನು ಅನ್ನದ ಪಾತ್ರೆ ಎತ್ತಿಕೊಂಡು ಪಂಕ್ತಿಯ ಕಡೆ ಹೋದೆ.