ಬ್ರೇಕ್ ಆಯಿಲ್ ಡಬ್ಬಿಯ ಹಿಂದಿನ ಸಣ್ಣಕ್ಷರ

ಜನವರಿ, ಕಾಫಿ ಕೊಯ್ಲಿನ ಸಮಯ. ಪುತ್ತೂರಿನಲ್ಲಿ ಹತ್ತಿರದವರ ಮದುವೆ. ತೋಟದ ಕೆಲಸ ಒಂದು ದಿನ ನಿಲ್ಲಿಸಿ, ಐದು ಜನ ತುಂಬಿಕೊಂಡು, ಡಿಕ್ಕಿಯಲ್ಲಿ ಎರಡು ಚೀಲ ಕಿತ್ತಳೆ ಹಾಕಿಕೊಂಡು ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುತ್ತಿದ್ದೆವು. ಮುಂದೆ ಒಂದು ಲೋಡ್ ಲಾರಿ. ಓವರ್‌ಟೇಕ್ ಮಾಡುವ ಹಾಗಿಲ್ಲ. ಎರಡನೇ ಗೇರಿಗೆ ಹಾಕಬೇಕಿತ್ತು, ನಾನು ಮೂರರಲ್ಲೇ ಬಿಟ್ಟು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದೆ. ಮದೆನಾಡು ದಾಟಿ ಸ್ವಲ್ಪ ದೂರ ಹೋದ ಮೇಲೆ ಒಂದು ತಿರುವಿನಲ್ಲಿ ಪೆಡಲ್ ಒತ್ತಿದರೆ ಅದು ಮೆತ್ತಗೆ, ಒದ್ದೆ ಸ್ಪಾಂಜ್ ತುಳಿದ ಹಾಗೆ, ಕೆಳಗೆ ಹೋಗಿ ಕೂತಿತು.

ಪಂಪ್ ಮಾಡಿದೆ. ನಾಲ್ಕೈದು ಸಲ ಒತ್ತಿದ ಮೇಲೆ ಸ್ವಲ್ಪ ಹಿಡಿಯಿತು. ಎರಡನೇ ಗೇರ್, ಆಮೇಲೆ ಒಂದನೇ ಗೇರ್, ಜೊತೆಗೆ ನಿಧಾನಕ್ಕೆ ಹ್ಯಾಂಡ್ ಬ್ರೇಕ್. ನಮ್ಮ ಕಾರಿನಲ್ಲಿ ಹ್ಯಾಂಡ್ ಬ್ರೇಕ್ ಕೇಬಲ್‌ನಲ್ಲಿ ಕೆಲಸ ಮಾಡುತ್ತದೆ, ಅದಕ್ಕೆ ಬ್ರೇಕ್ ಆಯಿಲ್ ಬೇಕಿಲ್ಲ. ಆ ದಿನ ಉಳಿದದ್ದು ಅದರಿಂದಲೇ. ಗುಡ್ಡದ ಕಡೆಗೆ ಒರಗಿಸಿ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಅಮ್ಮ ಏನೂ ಮಾತಾಡಲಿಲ್ಲ, ಸೆರಗಿನ ತುದಿ ಹಿಡಿದುಕೊಂಡು ಕೂತಿದ್ದರು. ಅದು ಇನ್ನೂ ಕಣ್ಣ ಮುಂದಿದೆ.

ಮುಕ್ಕಾಲು ಗಂಟೆ ಬಿಟ್ಟು ಒತ್ತಿ ನೋಡಿದರೆ ಪೆಡಲ್ ಮೊದಲಿನ ಹಾಗೆ ಗಟ್ಟಿ! ಮೊದಲ ಗೇರಿನಲ್ಲಿ ತೆವಳಿಕೊಂಡು ಇಳಿದು, ಕೆಳಗೆ ಸಿಕ್ಕ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಅವರು ಪೆಡಲ್ ಒತ್ತಿ ನೋಡಿ, "ಸರಿಯಾಗಿಯೇ ಉಂಟಲ್ಲ ಸಾರ್" ಎಂದು ಡಬ್ಬಿಯಲ್ಲಿದ್ದ ಆಯಿಲ್ ಸ್ವಲ್ಪ ಮೇಲಿಂದ ಹಾಕಿ ಕಳಿಸಿದರು. ಅಲ್ಲಿಂದ ಬಂದ ಮೇಲೆ ನಾನು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು ಅಂತ ಕೂತೆ. ಈಗ ಮನೆಯ ಕಾರು, ತೋಟದ ಜೀಪು ಎರಡರ ಬ್ರೇಕ್ ಆಯಿಲನ್ನೂ ನಾನೇ ಬದಲಿಸುತ್ತೇನೆ.

ಪೆಡಲ್ ಒತ್ತಿದ ಬಲವನ್ನು ಪೈಪಿನ ಮೂಲಕ ಚಕ್ರದ ಬ್ರೇಕಿಗೆ ತಲುಪಿಸುವ ದ್ರವವನ್ನು ನಾವೆಲ್ಲ ಬ್ರೇಕ್ ಆಯಿಲ್ ಅಂತೀವಿ, ಆದರೆ ಅದು ಎಣ್ಣೆಯೇ ಅಲ್ಲ. ನಮ್ಮ ಗಾಡಿಗಳಲ್ಲಿ ಇರುವುದು ಗ್ಲೈಕಾಲ್ ಜಾತಿಯ ದ್ರವ. ನೀರಿನ ಜೊತೆ ಚೆನ್ನಾಗಿ ಬೆರೆಯುತ್ತದೆ. ಅಷ್ಟೇ ಅಲ್ಲ, ಗಾಳಿಯಲ್ಲಿರುವ ತೇವವನ್ನು ತಾನೇ ಎಳೆದುಕೊಳ್ಳುತ್ತದೆ. ಬಾನೆಟ್ ಒಳಗಿನ ಆಯಿಲ್ ಡಬ್ಬಿಯ ಮುಚ್ಚಳದ ಸಂದಿಯಿಂದ, ರಬ್ಬರ್ ಹೋಸಿನ ಮೂಲಕ, ತಿಂಗಳುಗಟ್ಟಲೆ, ನಿಧಾನವಾಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಒಣಗದ ಊರು ನಮ್ಮದು, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಅಂಥ ಕಡೆ ಬದಲಿಸದೆ ಐದು ವರ್ಷ ಬಿಟ್ಟರೆ ಆ ದ್ರವ ಎಷ್ಟು ನೀರು ಕುಡಿದಿರಬಹುದು, ಯೋಚನೆ ಮಾಡಿ.

ಬ್ರೇಕ್ ಒತ್ತಿಕೊಂಡೇ ಇಳಿದರೆ ಚಕ್ರದ ಡಿಸ್ಕನ್ನು ಹಿಡಿಯುವ ಬ್ರೇಕ್ ಪ್ಯಾಡ್ ಕಾಯುತ್ತದೆ, ಆ ಬಿಸಿ ಆಯಿಲಿಗೂ ತಲುಪುತ್ತದೆ. ಆಯಿಲಿಗೆ ನೀರು ಸೇರಿದ್ದರೆ ಬೇಗ ಕುದಿಯುತ್ತದೆ. ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಆ ಗುಳ್ಳೆ ಅಮುಕುವುದಕ್ಕೇ ಹೋಗುತ್ತದೆ, ಚಕ್ರಕ್ಕೆ ಏನೂ ತಲುಪುವುದಿಲ್ಲ. ಆರಿದ ಮೇಲೆ ಆವಿ ಮತ್ತೆ ದ್ರವ ಆಗುತ್ತದೆ, ಪೆಡಲ್ ವಾಪಸ್ ಬರುತ್ತದೆ. ಗ್ಯಾರೇಜಿಗೆ ಹೋಗುವಷ್ಟರಲ್ಲಿ ತೊಂದರೆ ಕಾಣದೆ ಹೋಗುವುದು ಇದಕ್ಕೇ. ಇನ್ನೊಂದು ತೊಂದರೆಯೂ ಇದೆ, ಅದನ್ನು ಇದರ ಜೊತೆ ಕಲಸಿಕೊಳ್ಳಬೇಡಿ: ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ಮಾತ್ರ ನಿಲ್ಲದಿದ್ದರೆ ಅದು ಪ್ಯಾಡ್ ಕಾದು ಹಿಡಿತ ಕಳೆದುಕೊಂಡಿದ್ದು. ಪೆಡಲ್ ಮೆತ್ತಗಾಗಿ ಇಳಿದರೆ ಆಯಿಲ್ ಕಡೆ ನೋಡಬೇಕು.

ಈಗ ಡಾಟ್ ಸಂಖ್ಯೆಗೆ ಬರೋಣ. ಡಾಟ್ ಅಂದರೆ ಅಮೆರಿಕದ ಸಾರಿಗೆ ಇಲಾಖೆಯ ಹೆಸರಿನ ಮೊದಲಕ್ಷರಗಳು, ಅವರು ಮಾಡಿದ ಮಟ್ಟವನ್ನೇ ನಮ್ಮಲ್ಲೂ ಡಬ್ಬಿ ಮೇಲೆ ಬರೆಯುತ್ತಾರೆ. ಡಾಟ್ 3 ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಆದರೆ 230, ಡಾಟ್ 5.1 ಆದರೆ 260. ಅಂಗಡಿಯಲ್ಲಿ ಹೇಳುವುದು ಈ ದೊಡ್ಡ ಸಂಖ್ಯೆಯನ್ನೇ. ಒಳ್ಳೆಯ ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ, ವೆಟ್ ಬಾಯ್ಲಿಂಗ್ ಪಾಯಿಂಟ್ ಅಂತ. ಸುಮಾರು 3.7 ಶೇಕಡಾ ನೀರು ಸೇರಿದ ಮೇಲೆ ಎಷ್ಟಕ್ಕೆ ಕುದಿಯುತ್ತದೆ ಅನ್ನುವ ಲೆಕ್ಕ ಅದು. ಡಾಟ್ 3ಕ್ಕೆ ಬರೀ 140, ಡಾಟ್ 4ಕ್ಕೆ 155, ಡಾಟ್ 5.1ಕ್ಕೆ 180. ಕೊಡಗಿನವರು ಓದಬೇಕಾದ್ದು ಈ ಎರಡನೇ ಸಂಖ್ಯೆ. ಹಳೆಯ ಡಾಟ್ 5.1ಗಿಂತ ಹೊಸ ಡಾಟ್ 3 ಮೇಲು ಅಂತ ಈ ಲೆಕ್ಕ ನೋಡಿದರೇ ಗೊತ್ತಾಗುತ್ತದೆ, ಅಲ್ವಾ?

ಡಾಟ್ 3, 4, 5.1 ಮೂರೂ ಗ್ಲೈಕಾಲ್ ಜಾತಿಯವೇ, ಒಂದಕ್ಕೊಂದು ಬೆರೆತರೆ ರಬ್ಬರ್ ಹಾಳಾಗುವುದಿಲ್ಲ, ಗುಣ ಮಾತ್ರ ಕಡಿಮೆಯದರ ಕಡೆಗೆ ಇಳಿಯುತ್ತದೆ. ಮೋಸ ಹೋಗುವುದು ಡಾಟ್ 5 ಹತ್ತಿರ. ಅದು ಸಿಲಿಕೋನ್, ಬಣ್ಣ ನೇರಳೆ, ಜಾತಿಯೇ ಬೇರೆ. ನನ್ನ ಚಿಕ್ಕಪ್ಪನ ಮಗ "ಅಣ್ಣ, ನಾಲ್ಕಕ್ಕಿಂತ ಐದು ಒಳ್ಳೇದಲ್ವಾ" ಅಂತ ಒಂದು ಡಬ್ಬಿ ತರಿಸಿಬಿಟ್ಟಿದ್ದ. ಸದ್ಯ, ಹಾಕುವ ಮೊದಲು ಫೋನ್ ಮಾಡಿದ. ಅದು ಗ್ಲೈಕಾಲ್ ಜೊತೆ ಬೆರೆಯುವುದೇ ಇಲ್ಲ. ನೀರನ್ನೂ ತನ್ನೊಳಗೆ ಬೆರೆಸಿಕೊಳ್ಳುವುದಿಲ್ಲ, ಆದ್ದರಿಂದ ಒಳಗೆ ಬಂದ ನೀರು ತಗ್ಗಿನಲ್ಲಿ ಹಾಗೇ ನಿಂತು ತುಕ್ಕು ಹಿಡಿಸುತ್ತದೆ. ಅದರಲ್ಲಿ ಸಣ್ಣ ಗಾಳಿಗುಳ್ಳೆ ಸುಲಭವಾಗಿ ಸೇರಿಕೊಳ್ಳುವುದರಿಂದ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಇರುವ ಗಾಡಿಗೆ ಆಗುವುದಿಲ್ಲ. ಹಳೆಯ ಹಾರ್ಲೆ ಡೇವಿಡ್ಸನ್ ಬೈಕುಗಳಲ್ಲಿ, ವರ್ಷಗಟ್ಟಲೆ ಸುಮ್ನೆ ನಿಲ್ಲಿಸುವ ಹಳೇ ಗಾಡಿಗಳಲ್ಲಿ ಅದಕ್ಕೆ ಜಾಗ ಇದೆ. ನಮ್ಮ ಕಾರು ಜೀಪುಗಳಿಗೆ ಬೇಡ. 5 ಮತ್ತು 5.1 ನಡುವಿನ ಆ ಒಂದು ಚುಕ್ಕೆ ನೋಡಿಯೇ ದುಡ್ಡು ಕೊಡಿ.

ಇದಕ್ಕಿಂತ ದೊಡ್ಡ ಅನಾಹುತ ನಮ್ಮ ಜೀಪಿನಲ್ಲೇ ಆಗಿತ್ತು. ಬ್ರೇಕ್ ಆಯಿಲ್ ಕಡಿಮೆ ಇದೆ ಅಂತ ಯಾರೋ ಒಳ್ಳೆಯ ಮನಸ್ಸಿನಿಂದಲೇ ಇಂಜಿನ್ ಆಯಿಲ್ ಸ್ವಲ್ಪ ಹಾಕಿದ್ದರು. ಕೆಲವು ದಿನಕ್ಕೆ ಬ್ರೇಕ್ ಹಿಡಿದರೆ ಬಿಡುವುದೇ ಇಲ್ಲ. ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಬಿಚ್ಚಿದಾಗ ಒಳಗಿನ ರಬ್ಬರ್ ಕಪ್ ರಾತ್ರಿ ನೆನೆಸಿಟ್ಟ ಕಡಲೆಯ ಹಾಗೆ ಊದಿತ್ತು. ಹೊಸ ಕಪ್ ಪಕ್ಕದಲ್ಲಿಟ್ಟು ನೋಡಿದೆ, ಅಂಚು ದಪ್ಪ ಆಗಿ ಹೊರಗೆ ಮಡಚಿಕೊಂಡಿತ್ತು, ಉಗುರು ಒತ್ತಿದರೆ ಗುರುತು ಉಳಿಯುತ್ತಿತ್ತು. ಪೆಟ್ರೋಲಿಯಂ ಎಣ್ಣೆ ಆ ರಬ್ಬರಿಗೆ ವಿಷ. ಡೀಸೆಲ್, ಸೀಮೆಎಣ್ಣೆಯಲ್ಲಿ ತೊಳೆಯುವುದೂ ಬೇಡ. ರಬ್ಬರ್ ಕಪ್, ಹೋಸು ಎಲ್ಲ ಹೊಸದು ಹಾಕಿಸಬೇಕಾಯಿತು.

ಬದಲಿಸುವುದು ಕಷ್ಟ ಏನಲ್ಲ, ಇಬ್ಬರು ಬೇಕು. ಮೊದಲು ಗಾಡಿಯ ಡಬ್ಬಿಯಲ್ಲಿರುವ ಹಳೆಯ ಆಯಿಲನ್ನು ಸಿರಿಂಜಿನಲ್ಲಿ ಎಳೆದು ತೆಗೆಯುತ್ತೇನೆ. ಮೊದಲ ಸಲ ಎಳೆದಾಗ ಬಂದದ್ದು ನಮ್ಮ ಮನೆಯ ಕಾಫಿ ಡಿಕಾಕ್ಷನ್ ಬಣ್ಣ. ಹೊಸದು ತೆಳು ಜೇನಿನ ಹಾಗೆ ಇರುತ್ತದೆ. ಆದರೆ ಬಣ್ಣವೊಂದನ್ನೇ ನಂಬಬೇಡಿ, ನೀರು ಕಣ್ಣಿಗೆ ಕಾಣುವುದಿಲ್ಲ. ಹೊಸದು ತುಂಬಿ, ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು ಮಾಡುತ್ತೇನೆ. ನಮ್ಮ ಕಾರಿನಲ್ಲಿ ಹಿಂದಿನ ಎಡ ಚಕ್ರ. ಕೆಲವು ಗಾಡಿಗೆ ಕ್ರಮ ಬೇರೆ ಇರುತ್ತದೆ, ಗಾಡಿಯ ಪುಸ್ತಕ ನೋಡಿಕೊಳ್ಳಿ. ಚಕ್ರದ ಬ್ರೇಕಿನಲ್ಲಿ ಆಯಿಲ್ ಹೊರಗೆ ಬಿಡುವ ಸಣ್ಣ ನಿಪ್ಪಲ್‌ಗೆ ಪಾರದರ್ಶಕ ಪೈಪು, ಅದರ ತುದಿ ಸ್ವಲ್ಪ ಹೊಸ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಬೇಕು.

ಪೆಡಲ್ ಮೇಲೆ ನನ್ನ ಹೆಂಡತಿ. ನಾನು ಕೆಳಗಿನಿಂದ "ಒತ್ತು" ಅಂತೀನಿ, ಅವಳು ಒತ್ತಿ "ಹಿಡಿದಿದ್ದೀನಿ ರೀ" ಅಂತಾಳೆ, ನಿಪ್ಪಲ್ ಕಾಲು ಸುತ್ತು ಸಡಿಲಿಸುತ್ತೇನೆ, ಆಯಿಲ್ ಚಿಮ್ಮುತ್ತದೆ, ಬಿಗಿ ಮಾಡಿದ ಮೇಲೆ "ಬಿಡು" ಅಂತೀನಿ. ಬಿಗಿ ಮಾಡುವ ಮೊದಲು ಕಾಲು ತೆಗೆದರೆ ಗಾಳಿ ಒಳಗೆ ಹೋಗುತ್ತದೆ. ಪೈಪಿನಲ್ಲಿ ಹೊಸ ಬಣ್ಣ ಬಂದು ಗುಳ್ಳೆ ನಿಲ್ಲುವ ತನಕ ಹೀಗೇ. ನಡುನಡುವೆ ಡಬ್ಬಿ ನೋಡುತ್ತಿರಬೇಕು, ಅದು ಖಾಲಿಯಾದರೆ ಎಲ್ಲ ಮೊದಲಿಂದ. ಹಳೆಯ ಗಾಡಿಯಲ್ಲಿ ಪೆಡಲನ್ನು ಪೂರ್ತಿ ನೆಲಕ್ಕೆ ತುಳಿಯಬೇಡಿ, ಕೆಳಗೊಂದು ಮರದ ತುಂಡು ಇಡಿ. ಸಿಲಿಂಡರಿನ ತುದಿಯ ತುಕ್ಕಿಗೆ ಸಿಕ್ಕಿ ಒಳಗಿನ ಸೀಲ್ ಹರಿಯಬಹುದು. ಪೇಂಟ್ ಮೇಲೆ ಚೆಲ್ಲಿದರೆ ಒರೆಸುತ್ತಾ ಕೂರದೆ ತಕ್ಷಣ ನೀರು ಸುರಿಯಿರಿ, ಇಲ್ಲದಿದ್ದರೆ ಪೇಂಟ್ ಎದ್ದು ಬರುತ್ತದೆ. ಕಣ್ಣಿಗೆ ಹಾರದ ಹಾಗೆ ಕನ್ನಡಕ ಹಾಕಿಕೊಳ್ಳಿ.

ಡಬ್ಬಿಯಲ್ಲಿ ಮಟ್ಟ ಇಳಿದಿದೆ ಅಂತ ಬರೀ ಮೇಲಿಂದ ತುಂಬಿಸುವುದೂ ತಪ್ಪು. ಪ್ಯಾಡ್ ಸವೆದಂತೆ ಮಟ್ಟ ತಾನಾಗಿ ಇಳಿಯುತ್ತದೆ. ಮೊದಲು ಪ್ಯಾಡ್ ನೋಡಿ, ಆಮೇಲೆ ಸೋರಿಕೆ ನೋಡಿ.

ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಿ ಅಂತಾರೆ. ನಾನು ಪ್ರತಿ ವರ್ಷ ಮಳೆ ನಿಂತ ಮೇಲೆ, ಕೊಯ್ಲು ಶುರುವಾಗುವ ಮೊದಲು ಮಾಡುತ್ತೇನೆ. ಎರಡೂ ಗಾಡಿಗೆ ಡಾಟ್ 4. ಜೀಪಿಗೆ ಡಾಟ್ 3 ಸಾಕು ಅಂತ ಅದರ ಮುಚ್ಚಳದ ಮೇಲೆ ಇದೆ, ಆದರೂ ಲೋಡ್ ಹಾಕಿಕೊಂಡು ಮಾಕುಟ್ಟ ಘಾಟಿ ಇಳಿಯುವುದು ಇರುತ್ತದೆ. ಡಾಟ್ 5.1ಕ್ಕೆ ಜಾಸ್ತಿ ದುಡ್ಡು ಕೊಟ್ಟು ಮೂರು ವರ್ಷ ಬಿಡುವುದಕ್ಕಿಂತ ಇದೇ ನನಗೆ ಸರಿ ಕಂಡಿದೆ.

ಅರ್ಧ ಲೀಟರಿನ ಸೀಲ್ ಇರುವ ಡಬ್ಬಿಯನ್ನೇ ತರುತ್ತೇನೆ, ದೊಡ್ಡದು ತಂದು ಇಟ್ಟುಕೊಳ್ಳುವುದಿಲ್ಲ. ಒಮ್ಮೆ ತೆರೆದ ಡಬ್ಬಿ ಶೆಡ್ಡಿನಲ್ಲಿ ಒಂದು ಮಳೆಗಾಲ ಕಳೆದರೆ ಅದನ್ನು ನಾನು ಬ್ರೇಕಿಗೆ ಹಾಕುವುದಿಲ್ಲ. ಉಳಿದದ್ದನ್ನು ಅದೇ ದಿನ ತಮ್ಮನ ಬೈಕಿಗೆ ಹಾಕುತ್ತೇವೆ, ಅದಕ್ಕೂ ಡಾಟ್ 4 ಬೇಕು. ಹಳೆಯದನ್ನು ತೋಟದ ಮಣ್ಣಿಗೆ, ತೋಡಿಗೆ ಚೆಲ್ಲದೆ ಬೇರೆ ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಟ್ಟು ಬರುತ್ತೇನೆ.